ಹನ್ನೆರಡು ಶಬ್ದಗಳ ಬೀಗ

ದೀಪಾವಳಿಯ ಮರುದಿನ ಜತ್ತ ತಾಲ್ಲೂಕಿನ ಪೂರ್ವಭಾಗದಲ್ಲಿರುವ ನನ್ನ ತಂಗಿಯ ಮನೆಯಲ್ಲಿದ್ದೆ. ದ್ರಾಕ್ಷಿ ತೋಟದಲ್ಲಿ ಅಕ್ಟೋಬರ್ ಚಾಟ್ನಿ ಮುಗಿದು ಬಳ್ಳಿಗಳು ಚಿಗುರತೊಡಗಿದ್ದವು. ದುಬೈಯಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವ ನನ್ನ ಸೋದರಳಿಯ ಹದಿನೈದು ದಿನಗಳ ರಜೆಯ ಮೇಲೆ ಬಂದಿದ್ದ. ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕುಳಿತಾಗ ಒಂದು ಸಣ್ಣ ವಾದ ಹುಟ್ಟಿಕೊಂಡಿತು. ಹಿಂದಿನ ಹಂಗಾಮಿನ ಒಣದ್ರಾಕ್ಷಿ ಮಾರಿ ಬಂದ ಹಣದಲ್ಲಿ ಎರಡು ಲಕ್ಷ ರೂಪಾಯಿ ಉಳಿದಿತ್ತು. ಅದರಿಂದ ಹೊಲದಲ್ಲಿ ಶೇತತಳೆಗೆ ಹೊಸ ಹಾಳೆ ಹಾಸಬೇಕೆಂದು ತಂದೆಯ ವಿಚಾರ. ಕೃಷ್ಣೆಯ ನೀರಿಗಾಗಿ ದಶಕಗಟ್ಟಲೆ ದಾರಿ ಕಾಯ್ದ ಈ ಹಳ್ಳಿಗಳಲ್ಲಿ ಹೊಂಡದ ನೀರೆಂದರೆ ಬೆಳೆಯ ಪ್ರಾಣ. ಮಗನ ವಿಚಾರವೇ ಬೇರೆ. ಆ ಹಣವನ್ನು ಬಿಟ್‌ಕಾಯಿನ್‌ನಲ್ಲಿ ಇಡಬೇಕೆಂದು ಅವನು ಹೇಳುತ್ತಿದ್ದ.

“ಕಣ್ಣಿಗೆ ಕಾಣದ ರೊಕ್ಕಕ್ಕ ಕಣ್ಣಿಗೆ ಕಾಣೋ ರೊಕ್ಕ ಕೊಡೂದೇನು?” ಎಂದು ತಂದೆ ಕೇಳಿದರು. ಅಳಿಯ ನನ್ನ ಕಡೆ ತಿರುಗಿ, “ಮಾಮಾ, ನೀವಾದ್ರೂ ಹೇಳ್ರಿ” ಎಂದ. ಹೇಳಲು ನನಗೇನೂ ತಿಳಿದಿರಲಿಲ್ಲ. ಮುಂದಿನ ಕೆಲವು ದಿನಗಳಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ನಮ್ಮ ಓದುಗರ ಮುಂದಿಡುತ್ತಿದ್ದೇನೆ. ಪರಸ್ಥಳದಲ್ಲಿ ದುಡಿಯುವ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬಹಳ. ಈ ಮಾತು ಇಂದಲ್ಲ ನಾಳೆ ಅವರ ಪಡಸಾಲೆಗೂ ಬಂದೇ ಬರುತ್ತದೆ.

ಮೂರು ಕಡೆಯೂ ಹೊರಗಿನವರು

ನಮ್ಮ ಭಾಗದವರಿಗೆ ಊರು ಬಿಡುವುದು ಹೊಸದಲ್ಲ. ಬರಗಾಲವೇ ನಮಗೆ ದಾರಿ ತೋರಿಸಿದ ಗುರು. ಸಾಂಗ್ಲಿ ಜಿಲ್ಲೆಯ ವಿಟಾ, ಖಾನಾಪುರ, ಆಟಪಾಡಿಗಳ ಕಡೆಯಿಂದ ಬೆಳ್ಳಿ ಬಂಗಾರ ಶುದ್ಧಿ ಮಾಡುವ ಗಲಾಯಿ ಕಸುಬಿನವರು ದೇಶದ ನಗರನಗರಗಳಿಗೆ ಹೋಗಿ ನೆಲೆಸಿದ್ದಾರೆ. ನಮ್ಮ ಹಳ್ಳಿಗಳಿಂದ ಕಬ್ಬು ಕಡಿಯಲು ಹೋದವರು, ಮುಂಬಯಿ ಪುಣೆಗಳ ಕಾರಖಾನೆ ಸೇರಿದವರು ಎಷ್ಟೋ ಮಂದಿ. ಕಡಲಾಚೆಯ ದುಬೈ ಆ ದಾರಿಯದೇ ಮುಂದಿನ ನಿಲ್ದಾಣ.

ಅಳಿಯ ಮೊದಲು ಬರ್‌ದುಬೈಯ ಒಂದು ಕೋಣೆಯಲ್ಲಿ ಐವರ ಜೊತೆಗೆ ಇದ್ದ. ಈಗ ಇಬ್ಬರೇ ಇದ್ದಾರೆ. ಒಂದು ದಿರ್ಹಾಮ್ ಕೊಟ್ಟು ಅಬ್ರಾ ದೋಣಿಯಲ್ಲಿ ಖಾಡಿ ದಾಟಿ ದೇರಾದ ಕಡೆಗೆ ಹೋಗುವುದು ಅವನ ರಜೆಯ ವಿನೋದ. ಅಲ್ಲಿ ಶುಕ್ರವಾರ, ಶನಿವಾರ ಇದ್ದ ವಾರದ ರಜೆ 2022ರ ಜನವರಿಯಿಂದ ಶನಿವಾರ, ಭಾನುವಾರಕ್ಕೆ ಬದಲಾದ ಮೇಲೆ ಊರಿಗೆ ಫೋನು ಮಾಡುವ ದಿನವೂ ಬದಲಾಯಿತು. ಸಂಬಳ ಬಂದ ವಾರ ಹಣ ಕಳಿಸುವ ಅಂಗಡಿಯ ಮುಂದೆ ಸಾಲು. ಕೆಲಸವಿದ್ದರೆ ವೀಸಾ, ವೀಸಾ ಇದ್ದರೆ ವಾಸ. ಎಷ್ಟು ವರ್ಷ ದುಡಿದರೂ ಆ ನಗರ ತನ್ನದಾಗುವುದಿಲ್ಲವೆಂಬುದು ಅಲ್ಲಿ ಬಹುಪಾಲು ಜನರಿಗೆ ಗೊತ್ತು.

ಆ ಸಂಜೆ ಅವನು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. “ಮಾಮಾ, ಮಹಾರಾಷ್ಟ್ರದಾಗ ನಾವು ಕನ್ನಡದವರು. ಕರ್ನಾಟಕಕ್ಕ ಹೋದ್ರ ಮಹಾರಾಷ್ಟ್ರದವರು. ದುಬೈದಾಗ ವೀಸಾದವರು. ಈ ರೊಕ್ಕಕ್ಕ ಮಾತ್ರ ಯಾವ ಗಡಿನೂ ಇಲ್ಲ ನೋಡ್ರಿ.” ಲಾಭದ ಆಸೆಯೊಂದೇ ಅವನನ್ನು ಎಳೆದಿರಲಿಲ್ಲವೆಂದು ನನಗೆ ಆಗ ತಿಳಿಯಿತು.

ಯಾರ ಟಂಕಸಾಲೆಯದೂ ಅಲ್ಲದ ನಾಣ್ಯ

ಇದರ ಹುಟ್ಟು 2008ರ ಅಕ್ಟೋಬರ್ 31ರಂದು. ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಒಂದು ಪ್ರಬಂಧ ಪ್ರಕಟವಾಯಿತು. ಆ ಹೆಸರಿನ ಹಿಂದೆ ಇರುವವರು ಯಾರೆಂಬುದು ಇಂದಿಗೂ ಬಯಲಾಗಿಲ್ಲ. 2009ರ ಜನವರಿ 3ರಂದು ಮೊದಲ ಲೆಕ್ಕದ ಪುಟ ಸಿದ್ಧವಾಯಿತು. ಅಮೆರಿಕದ ದೊಡ್ಡ ಬ್ಯಾಂಕುಗಳು ಕುಸಿದು ಜಗತ್ತು ತತ್ತರಿಸುತ್ತಿದ್ದ ಕಾಲವದು.

ಅದರ ರೀತಿಯನ್ನು ನಮ್ಮ ಭಾಷೆಯಲ್ಲಿ ಹೀಗೆ ಹೇಳಬಹುದು. ಹಳ್ಳಿಯ ಭಿಶಿಯಲ್ಲಿ ಒಬ್ಬನ ಕೈಯಲ್ಲಿ ವಹಿ ಇರುತ್ತದೆ. ಎಲ್ಲರೂ ಅವನನ್ನು ನಂಬಬೇಕು. ಅವನು ಓಡಿಹೋದರೆ ಭಿಶಿ ಮುಳುಗಿತು. ವಹಿಯ ಒಂದೊಂದು ಪ್ರತಿ ಎಲ್ಲ ಸದಸ್ಯರ ಮನೆಯಲ್ಲಿಯೂ ಇದ್ದು, ಯಾರು ಯಾರಿಗೆ ಕೊಟ್ಟರೆಂಬುದು ಎಲ್ಲ ಪ್ರತಿಗಳಲ್ಲಿಯೂ ಏರಿದರೆ ಒಬ್ಬನೇ ಕುಳಿತು ಲೆಕ್ಕ ತಿದ್ದಲಾರ. ಬಿಟ್‌ಕಾಯಿನ್‌ನ ವಹಿ ಇಂಥದು. ಜಗತ್ತಿನಾದ್ಯಂತ ಸಾವಿರಾರು ಗಣಕಯಂತ್ರಗಳಲ್ಲಿ ಅದರ ಪ್ರತಿಗಳಿವೆ. ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ. ಪುಟ ಸೇರಿಸಲು ಯಂತ್ರಗಳು ಬಹಳ ವಿದ್ಯುತ್ತು ಸುಟ್ಟು ಒಂದು ಕಠಿಣ ಲೆಕ್ಕ ಬಿಡಿಸಬೇಕು. ಬಿಡಿಸಿದವರಿಗೆ ಹೊಸ ನಾಣ್ಯ ಸಿಗುತ್ತದೆ. ಮೊದಲು ಪುಟಕ್ಕೆ 50 ನಾಣ್ಯ ಸಿಗುತ್ತಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲ್‌ನಲ್ಲಿ ಅದು 3.125ಕ್ಕೆ ಇಳಿಯಿತು. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ. ಸರ್ಕಾರವೊಂದು ಬೇಕೆಂದಾಗ ನೋಟು ಮುದ್ರಿಸುವಂತೆ ಇಲ್ಲಿ ಮಾಡಲಾಗದು ಎಂಬುದೇ ಇದರ ಭಕ್ತರ ದೊಡ್ಡ ವಾದ.

ರೂಪಾಯಿ ದುಬೈಯಲ್ಲಿ ಓಡುತ್ತಿದ್ದಾಗ

ಈ ವಾದವನ್ನು ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಅಳಿಯ ಸಂಬಳ ಎಣಿಸುವ ಅದೇ ದುಬೈಯಲ್ಲಿ 1966ರವರೆಗೆ ನಮ್ಮ ರೂಪಾಯಿಯೇ ಚಲಾವಣೆಯಲ್ಲಿತ್ತೆಂದು ಎಷ್ಟು ಜನರಿಗೆ ಗೊತ್ತು? ಬಂಗಾರದ ಕಳ್ಳಸಾಗಣೆಯಿಂದ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲೆಂದು 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿ ನಾಡುಗಳಿಗೆಂದೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. 1966ರ ಜೂನ್ 6ರಂದು ಭಾರತ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು; 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರು 7 ರೂಪಾಯಿ 50 ಪೈಸೆಯಾಯಿತು. ದೆಹಲಿಯಲ್ಲಿ ಆದ ಒಂದು ನಿರ್ಣಯದಿಂದ ದುಬೈಯ ವ್ಯಾಪಾರಿಯ ಪೆಟ್ಟಿಗೆಯಲ್ಲಿದ್ದ ಹಣವೂ ರಾತ್ರೋರಾತ್ರಿ ಕರಗಿತು. ಅಂದಿನಿಂದ ಆ ನಾಡು ರೂಪಾಯಿಯನ್ನು ಬಿಟ್ಟಿತು. 1973ರಲ್ಲಿ ದಿರ್ಹಾಮ್ ಬಂತು. ನಮ್ಮ ಪೀಳಿಗೆಯೂ 2016ರ ನವೆಂಬರ್ 8ರ ರಾತ್ರಿಯನ್ನು ಕಂಡಿದೆ. ಐನೂರು, ಸಾವಿರದ ನೋಟು ಹಿಡಿದು ಬ್ಯಾಂಕಿನ ಮುಂದೆ ನಿಂತವರಿಗೆ ಅಳಿಯನ ಮಾತು ಅರ್ಥವಾಗದೆ ಇರದು.

ಆದರೆ ಟಂಕಸಾಲೆಗಳು ಹಲವಾಗಿದ್ದ ಕಾಲವನ್ನೂ ನಮ್ಮ ಸೀಮೆ ಕಂಡಿತ್ತು. ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಸುತ್ತಲೂ ಪಟವರ್ಧನರ ಸಂಸ್ಥಾನಗಳು. 1835ರಲ್ಲಿ ಕಂಪನಿ ಸರ್ಕಾರ ಏಕರೂಪದ ರೂಪಾಯಿ ತರುವ ಮೊದಲು ಬಾಗಲಕೋಟೆಯ ರೂಪಾಯಿ, ಶಹಾಪುರದ ರೂಪಾಯಿ ಎಂದು ಬೇರೆ ಬೇರೆ ನಾಣ್ಯಗಳಿದ್ದವು. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಸರಾಫನು ವಟಾವು ಹಿಡಿಯುತ್ತಿದ್ದ. ಒಡೆಯನಿಲ್ಲದ ನಾಣ್ಯದ ಸುತ್ತಲೂ ದಲಾಲರು ಹುಟ್ಟಿಯೇ ಹುಟ್ಟುತ್ತಾರೆ.

ಸರಾಫರು, ಸೋಗಲಾಡಿಗಳು

ಹೊಸ ನಾಣ್ಯದ ಸರಾಫರೆಂದರೆ ವಿನಿಮಯ ಕೇಂದ್ರಗಳು. ಮಧ್ಯವರ್ತಿ ಬೇಡವೆಂದು ಹೊರಟ ಹಣವನ್ನು ಬಹುಜನ ಮಧ್ಯವರ್ತಿಯ ಕೈಯಲ್ಲಿಯೇ ಇಟ್ಟರು. ಕೆನಡಾದ ಕ್ವಾಡ್ರಿಗಾ ಎಂಬ ಕೇಂದ್ರದ ಸ್ಥಾಪಕ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ಪ್ರವಾಸ ಬಂದಾಗ ನಮ್ಮ ಜೈಪುರದಲ್ಲಿ ತೀರಿಕೊಂಡರು. ತಿಜೋರಿಯ ಕೀಲಿ ಅವರೊಬ್ಬರಿಗೇ ಗೊತ್ತಿತ್ತು, ಅದು ಅವರೊಡನೆಯೇ ಹೋಯಿತು ಎಂದು ಮೊದಲು ಸುದ್ದಿಯಾಯಿತು. ಸುಮಾರು 76 ಸಾವಿರ ಗ್ರಾಹಕರಿಗೆ ಹಣ ಬರಬೇಕಾಗಿತ್ತು. 2020ರಲ್ಲಿ ಒಂಟಾರಿಯೊದ ಷೇರು ನಿಯಂತ್ರಣ ಆಯೋಗ ತನಿಖೆ ನಡೆಸಿ, ಹಣದ ಬಹುಭಾಗ ಅವರು ಬದುಕಿದ್ದಾಗಲೇ ವಂಚನೆಯಲ್ಲಿ ಕರಗಿತ್ತೆಂದು ವರದಿ ಕೊಟ್ಟಿತು. ಭಾರತದ ವಜೀರ್‌ಎಕ್ಸ್ ಕೇಂದ್ರದಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಬೆಲೆಯ ಸ್ವತ್ತು ಕಳುವಾಯಿತು.

ಹೆಸರನ್ನಷ್ಟೇ ಹಿಡಿದು ಮೋಸಮಾಡಿದವರು ಬೇರೆ. ಗೇನ್ ಬಿಟ್‌ಕಾಯಿನ್ ಎಂಬ ಯೋಜನೆ ಹದಿನೆಂಟು ತಿಂಗಳವರೆಗೆ ತಿಂಗಳಿಗೆ ನೂರಕ್ಕೆ ಹತ್ತರ ಲಾಭದ ಆಸೆ ತೋರಿಸಿತು. 2018ರಲ್ಲಿ ಪುಣೆ ಪೊಲೀಸರು ಅದರ ಮುಖ್ಯಸ್ಥನನ್ನು ಬಂಧಿಸುವಷ್ಟರಲ್ಲಿ ಸಾವಿರಾರು ಮನೆಗಳ ಉಳಿತಾಯ ಹೋಗಿತ್ತು. ತಿಂಗಳಿಗೆ ಇಷ್ಟೇ ಲಾಭವೆಂದು ಯಾರಾದರೂ ಮಾತು ಕೊಟ್ಟರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಇನ್ನು ಕಾನೂನಿನ ಮಾತು. ಬ್ಯಾಂಕುಗಳು ಈ ವ್ಯವಹಾರಕ್ಕೆ ನೆರವಾಗಬಾರದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚ್ 4ರಂದು ರದ್ದುಮಾಡಿತು. 2022ರ ಏಪ್ರಿಲ್‌ನಿಂದ ಇದರ ಲಾಭದ ಮೇಲೆ ನೂರಕ್ಕೆ ಮೂವತ್ತು ತೆರಿಗೆ ಇದೆ. ಒಂದರಲ್ಲಾದ ಹಾನಿಯನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಇಟ್ಟುಕೊಳ್ಳುವುದು ಅಪರಾಧವಲ್ಲ, ಆದರೆ ಇದು ದೇಶದ ಮಾನ್ಯ ಹಣವೂ ಅಲ್ಲ. ದುಬೈಯಲ್ಲಿ ಇದಕ್ಕೆಂದೇ 2022ರಲ್ಲಿ ನಿಯಂತ್ರಣ ಪ್ರಾಧಿಕಾರವೊಂದು ಸ್ಥಾಪನೆಯಾಗಿದೆ.

ಬೆಲೆಯ ಏರಿಳಿತವಂತೂ ನಮ್ಮ ಒಣದ್ರಾಕ್ಷಿಯ ಲಿಲಾವನ್ನೂ ನಾಚಿಸುವಂಥದು. 2021ರ ನವೆಂಬರ್‌ನಲ್ಲಿ ಒಂದಕ್ಕೆ ಸುಮಾರು 69 ಸಾವಿರ ಡಾಲರಿದ್ದದ್ದು ಒಂದು ವರ್ಷದಲ್ಲಿ 16 ಸಾವಿರದ ಕೆಳಗೆ ಬಿತ್ತು. 2024ರ ಡಿಸೆಂಬರ್‌ನಲ್ಲಿ ಒಂದು ಲಕ್ಷ ದಾಟಿತು. ಊರಿಗೆ ಹಣ ಕಳಿಸಲು ಇದು ಅಗ್ಗವೆಂಬ ವಾದವೂ ನಮಗೆ ಅಷ್ಟಾಗಿ ಒಪ್ಪುವುದಿಲ್ಲ. ಇನ್ನೂರು ಡಾಲರ್ ಕಳಿಸಲು ಜಗತ್ತಿನ ಸರಾಸರಿ ಖರ್ಚು ನೂರಕ್ಕೆ ಆರರ ಆಸುಪಾಸಿನಲ್ಲಿದ್ದರೂ ದುಬೈಯಿಂದ ಭಾರತಕ್ಕೆ ಅದಕ್ಕಿಂತ ಕಡಿಮೆಯೇ ಬೀಳುತ್ತದೆ. ಇದನ್ನು ಹೇಳಿದಾಗ ಅಳಿಯ ನಕ್ಕು ಒಪ್ಪಿಕೊಂಡ.

ತಾಯಿಯ ಪ್ರಶ್ನೆ

ಇಷ್ಟೆಲ್ಲ ಮಾತು ನಡೆದಾಗ ತಂಗಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮಗ ಈಗಾಗಲೇ ತನ್ನ ಸಂಬಳದಿಂದ ಸ್ವಲ್ಪ ಬಿಟ್‌ಕಾಯಿನ್ ಕೊಂಡಿದ್ದಾನೆಂಬುದು ಮಾತಿನ ನಡುವೆ ಹೊರಬಿತ್ತು. ಅವಳು ಕೈ ಒರೆಸಿಕೊಂಡು ಬಂದು ಒಂದೇ ಮಾತು ಕೇಳಿದಳು: “ಅಲ್ಲಪ್ಪಾ, ಅಷ್ಟು ದೂರ ಇರ್ತಿ. ನಿನಗ ಏನಾರ ಹೆಚ್ಚು ಕಡಿಮಿ ಆದ್ರ ಅದು ನಮಗ ಹೆಂಗ ಸಿಗತೈತಿ?”

ಅವನು ಉತ್ತರಿಸಲಿಲ್ಲ. ಬ್ಯಾಂಕಿನಲ್ಲಿ ವಾರಸುದಾರರ ಹೆಸರು ಬರೆಸಬಹುದು. ಸತ್ತವರ ದಾಖಲೆ ತೋರಿಸಿ ಹಣ ಬಿಡಿಸಬಹುದು. ಇಲ್ಲಿ ಕಚೇರಿಯಿಲ್ಲ, ಗುಮಾಸ್ತನಿಲ್ಲ, ಅರ್ಜಿಯಿಲ್ಲ. ಸ್ವಂತ ಕೈಯಲ್ಲಿಟ್ಟುಕೊಂಡ ಬಿಟ್‌ಕಾಯಿನ್‌ಗೆ ಕೀಲಿಯೆಂದರೆ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಶಬ್ದಗಳ ಒಂದು ಸಾಲು. 2048 ಶಬ್ದಗಳ ಗೊತ್ತಾದ ಪಟ್ಟಿಯಿಂದ ಯಂತ್ರವೇ ಅವನ್ನು ಆರಿಸಿಕೊಡುತ್ತದೆ. ಶಬ್ದಗಳು ಅದೇ ಕ್ರಮದಲ್ಲಿ ಸಿಕ್ಕಿದವನೇ ಒಡೆಯ. ಕಳೆದರೆ ಜಗತ್ತಿನ ಯಾವ ನ್ಯಾಯಾಲಯವೂ ಮರಳಿ ಕೊಡಿಸಲಾರದು. ಅಳಿಯನ ಹನ್ನೆರಡು ಶಬ್ದಗಳು ಬರ್‌ದುಬೈಯ ಕೋಣೆಯಲ್ಲಿ ಒಂದು ಚೀಟಿಯಲ್ಲಿದ್ದವು. ಆ ಚೀಟಿ ಇದೆಯೆಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗಡಿಯಿಲ್ಲದ ಹಣದ ಕೊರತೆ ನನಗೆ ಆಗ ಕಂಡಿತು. ಹುಂಡಿ ಬರೆದವನೂ ಬಂಗಾರ ಕೊಟ್ಟು ಗಲಾಯಿಯವನನ್ನು ನಂಬಿದವನೂ ಮನುಷ್ಯರನ್ನು ನಂಬಿದರು. ಮೋಸವಾದರೆ ಹಿಡಿದು ಕೇಳಲು ಒಂದು ಊರಿತ್ತು, ಒಂದು ಮನೆತನವಿತ್ತು. ಯಾರನ್ನೂ ನಂಬಬೇಕಿಲ್ಲದ ಈ ಹಣಕ್ಕೂ ಕೊನೆಗೆ ಒಬ್ಬರನ್ನಾದರೂ ನಂಬಲೇಬೇಕಾಯಿತು.

ತೀರ್ಮಾನ ಹೀಗಾಯಿತು. ಎರಡು ಲಕ್ಷ ಶೇತತಳೆಗೆ. ಅಳಿಯ ತನ್ನ ಸಂಬಳದಲ್ಲಿ, ಪೂರ್ತಿ ಹೋದರೂ ಮನೆಗೆ ಧಕ್ಕೆಯಾಗದಷ್ಟನ್ನು ಮಾತ್ರ ಆ ಕಡೆ ಹಾಕುವುದು. ಶಬ್ದಗಳನ್ನು ಫೋಟೋ ತೆಗೆಯದೆ, ಫೋನಿನಲ್ಲಿ ಹೇಳದೆ, ಕಾಗದದಲ್ಲಿ ಬರೆದು ಎರಡು ಬೇರೆ ಬೇರೆ ಜಾಗದಲ್ಲಿಡುವುದು. ಅವನು ದುಬೈಗೆ ಹೋಗಿ, ಪರಿಚಯದವರು ಊರಿಗೆ ಬರುವಾಗ ಕಳಿಸುತ್ತೇನೆಂದ. ತಂಗಿ ಒಪ್ಪಲಿಲ್ಲ. “ಬ್ಯಾರೆಯವರ ಕೈಯಾಗ ಯಾಕ? ನೀನ ತಗೊಂಡು ಬಾ” ಎಂದಳು. ಯುಗಾದಿಗೆ ನಾಲ್ಕೇ ದಿನದ ರಜೆ ಹಾಕಿ ಅವನೇ ಬಂದ.

ತಂಗಿ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಆ ಪಟ್ಟಿ ಇಂಗ್ಲಿಷ್, ಜಪಾನಿ, ಸ್ಪ್ಯಾನಿಷ್ ಮುಂತಾದ ಭಾಷೆಗಳಲ್ಲಿದೆ; ಕನ್ನಡದಲ್ಲಿಲ್ಲ. ಇಂಗ್ಲಿಷಿನ ಪ್ರತಿ ಶಬ್ದಕ್ಕೂ ಮೊದಲ ನಾಲ್ಕು ಅಕ್ಷರಗಳಿದ್ದರೆ ಸಾಕೆಂದು ಮಗ ಹೇಳಿಕೊಟ್ಟ. ಅವಳು ಒಂದೊಂದೇ ಅಕ್ಷರವನ್ನು ನೋಡಿ ನೋಡಿ ಚಿತ್ರ ಬಿಡಿಸಿದಂತೆ ಬರೆದಳು. ಅವನು ಎರಡು ಸಲ ತಾಳೆ ನೋಡಿದ. ಲಕೋಟೆಗೆ ಅಂಟು ಹಚ್ಚಿದ ಮೇಲೆ ಅವಳು ಹೊಲದ ಸಾತಬಾರಾ ಇಟ್ಟ ಟ್ರಂಕಿನ ಕಡೆ ಹೊರಟು, ಏನೋ ನೆನೆದು ತಿರುಗಿ ಒಳಗೆ ಹೋದಳು. ಎಲ್ಲಿಟ್ಟಳೆಂದು ನಾನು ಕೇಳಲಿಲ್ಲ. ಕೇಳಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ.

ಆ ಮನೆಯ ಹೊಲದ ಕಾಗದ ಮರಾಠಿಯಲ್ಲಿದೆ, ಮಗನ ಹನ್ನೆರಡು ಶಬ್ದಗಳು ಇಂಗ್ಲಿಷಿನಲ್ಲಿವೆ. ಲಕೋಟೆಯ ಮೇಲೆ ಮಾತ್ರ ಕನ್ನಡದಲ್ಲಿ, ತಾಯಿಯ ಕೈಬರಹದಲ್ಲಿ, ಮಗನ ಹೆಸರಿದೆ.