ಫಾರಂನಲ್ಲಿ ‘ಕಲಾವಿದೆ’ ಇರಲಿಲ್ಲ, ‘ಅಸ್ತಮಾ’ ಇತ್ತು

ಕೆಲಸ ಬಿಡುವ ದಿನ ಆಫೀಸಿನಲ್ಲಿ ಕೇಕ್ ಕಟ್ ಮಾಡಿಸಿದರು. ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಕೊಟ್ಟೆ. ಅವುಗಳ ಜೊತೆಗೆ ಇನ್ನೊಂದನ್ನೂ ಕೊಟ್ಟು ಬಂದಿದ್ದೆ. ಅದು ಗೊತ್ತಾಗಿದ್ದು ನಾಲ್ಕು ತಿಂಗಳ ನಂತರ, ರಾತ್ರಿ ಎರಡು ಗಂಟೆಗೆ, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್ ಮುಂದೆ.

“ಇನ್ಶೂರೆನ್ಸ್ ಇದೆಯಾ ಮೇಡಂ?”

“ಇದೆ” ಅಂತ ಫೋನಿನಲ್ಲಿದ್ದ ಹಳೇ ಇ-ಕಾರ್ಡ್ ತೋರಿಸಿದೆ. ಕೌಂಟರಿನವರು ನಂಬರ್ ಹಾಕಿ ನೋಡಿ, “ಇದು ಆಕ್ಟಿವ್ ಇಲ್ವಲ್ಲ” ಅಂದರು.

ಅಪೆಂಡಿಕ್ಸ್ ಆಪರೇಷನ್ ಆಯಿತು. ಬಿಲ್ 1,18,000 ರೂಪಾಯಿ. ನಾನು ಮೈಸೂರಿನ ಕಾವಾದಲ್ಲಿ ಚಿತ್ರಕಲೆ ಓದಿದವಳು. ಆರು ವರ್ಷ ಬೆಂಗಳೂರಿನ ಜಾಹೀರಾತು ಏಜೆನ್ಸಿಯಲ್ಲಿ ದುಡಿದು, 2024ರ ಮಾರ್ಚ್‌ನಲ್ಲಿ ‘ಇನ್ನು ನನ್ನ ಚಿತ್ರ ನಾನು ಬರೀತೀನಿ’ ಅಂತ ಹೊರಗೆ ಬಂದಿದ್ದೆ. ಮಕ್ಕಳ ಪುಸ್ತಕಕ್ಕೆ ಚಿತ್ರ, ಕೆಫೆ ಗೋಡೆಗೆ ಮ್ಯೂರಲ್, ಜನವರಿಯಲ್ಲಿ ಚಿತ್ರಸಂತೆಯಲ್ಲಿ ಒಂದು ಸ್ಟಾಲ್. ಇದಕ್ಕೆಲ್ಲ ಅಂತ ಕೂಡಿಟ್ಟ ಎಫ್‌ಡಿಯನ್ನು ಆ ರಾತ್ರಿ ಫೋನಿನಲ್ಲೇ ಮುರಿದೆ. ಉಳಿದ 30 ಸಾವಿರ ಗೆಳತಿ ಹಾಕಿದಳು.

ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತದೆ. ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ಕೆಲಸ ಬಿಡುವಾಗಲೇ ಆ ಗ್ರೂಪ್ ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶ ಇರುತ್ತದೆ. ಹಾಗೆ ಮಾಡಿದರೆ ಅಲ್ಲಿ ಕಳೆದ ವರ್ಷಗಳನ್ನು ಹೊಸ ಪಾಲಿಸಿಯ ‘ಕಾಯುವ ಅವಧಿ’ಗೆ ಲೆಕ್ಕ ಹಿಡಿಯುತ್ತಾರೆ. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಹೊರಟವಳು ನಾನು.

ಉದ್ಯೋಗ: ಇತರೆ

ಹೊಲಿಗೆ ಬಿಚ್ಚಿದ ಮೇಲೆ ಪಾಲಿಸಿ ಹುಡುಕಲು ಕೂತೆ. ಮೊದಲ ಫಾರಂನಲ್ಲೇ ಉದ್ಯೋಗದ ಪಟ್ಟಿ: ಸಂಬಳದಾರರು, ವ್ಯಾಪಾರಿ, ವೈದ್ಯ, ವಕೀಲ, ಗೃಹಿಣಿ, ವಿದ್ಯಾರ್ಥಿ. ಕಲಾವಿದೆ ಇಲ್ಲ. ‘ಇತರೆ’ ಒತ್ತಿದೆ.

ಆಮೇಲೆ ತಿಳಿಯಿತು, ಆರೋಗ್ಯ ವಿಮೆಗೆ ನಮ್ಮಂಥವರ ಉದ್ಯೋಗ ದೊಡ್ಡ ಅಡ್ಡಿಯೇನಲ್ಲ. ಪ್ರೀಮಿಯಂ ಮುಖ್ಯವಾಗಿ ನಿಂತಿರುವುದು ವಯಸ್ಸು, ಊರು, ವಿಮೆಯ ಮೊತ್ತ ಮತ್ತು ಆರೋಗ್ಯದ ಮೇಲೆ. ಸ್ಯಾಲರಿ ಸ್ಲಿಪ್ ಇಲ್ಲ ಅಂತ ಹಿಂಜರಿಯಬೇಕಾಗಿಲ್ಲ. ಆದಾಯದ ಪುರಾವೆ ಕೇಳುವುದು ಹೆಚ್ಚಾಗಿ ಅಪಘಾತ ವಿಮೆಯಲ್ಲಿ. ಸಂಬಳದಾರರಿಗೆ ಇರುವ ಇಎಸ್‌ಐ ಮಾತ್ರ ನಮಗೆ ಸಿಗದು. ಅದಕ್ಕೆ ಉದ್ಯೋಗದಾತರು ಬೇಕು.

ನನ್ನ ನಿಜವಾದ ತೊಡಕು ಮುಂದಿನ ಪುಟದಲ್ಲಿತ್ತು. ‘ಈ ಕೆಳಗಿನ ಯಾವುದಾದರೂ ಕಾಯಿಲೆ ಇದೆಯೇ?’ ಪಟ್ಟಿಯಲ್ಲಿ ಮೂರನೆಯದೇ ಅಸ್ತಮಾ.

ನನಗೆ ಹನ್ನೊಂದನೇ ವಯಸ್ಸಿನಿಂದ ಅಸ್ತಮಾ. ಇನ್‌ಹೇಲರ್ ಸದಾ ಬ್ಯಾಗಿನಲ್ಲಿ. ಟರ್ಪೆಂಟೈನ್ ವಾಸನೆಗೆ ಉಬ್ಬಸ ಬರುತ್ತದೆ ಅಂತಲೇ ಆಯಿಲ್ ಪೇಂಟಿಂಗ್ ಬಿಟ್ಟು ಅಕ್ರಿಲಿಕ್ ಹಿಡಿದವಳು ನಾನು.

ಪರಿಚಯದ ಏಜೆಂಟ್ ಒಬ್ಬರಿಗೆ ಫೋನ್ ಮಾಡಿದೆ. “ಅಯ್ಯೋ ಮೇಡಂ, ಅದೆಲ್ಲ ಬರೀಬೇಡಿ. ಬರೆದ್ರೆ ಲೋಡಿಂಗ್ ಹಾಕ್ತಾರೆ, ಇಲ್ಲಾಂದ್ರೆ ರಿಜೆಕ್ಟ್ ಮಾಡ್ತಾರೆ. ಚಿಕ್ಕ ವಯಸ್ಸು, ಮೆಡಿಕಲ್ ಟೆಸ್ಟ್ ಕೂಡ ಇರಲ್ಲ. ಐದು ವರ್ಷ ದಾಟಿದ್ರೆ ಆಮೇಲೆ ಯಾರೂ ಕೇಳೋ ಹಾಗಿಲ್ಲ” ಅಂದರು.

ಅವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ವಿಮಾ ನಿಯಂತ್ರಕ ಐಆರ್‌ಡಿಎಐ 2024ರಲ್ಲಿ ತಂದ ನಿಯಮದ ಪ್ರಕಾರ, ಪಾಲಿಸಿ ಸತತವಾಗಿ 60 ತಿಂಗಳು ನಡೆದರೆ, ಆಮೇಲೆ ‘ನೀವು ಆ ವಿಷಯ ಹೇಳಿರಲಿಲ್ಲ’ ಅಂತ ಕ್ಲೇಮ್ ತಿರಸ್ಕರಿಸುವಂತಿಲ್ಲ. ಮೊದಲು ಇದು ಎಂಟು ವರ್ಷ ಇತ್ತು. ಆದರೆ ವಂಚನೆ ಸಾಬೀತಾದರೆ ಈ ರಕ್ಷಣೆ ಇಲ್ಲ. ಮತ್ತೆ, ಆ ಐದು ವರ್ಷದೊಳಗೆ ಆಸ್ಪತ್ರೆ ಸೇರಿದರೆ?

ಎರಡು ದಿನ ಒದ್ದಾಡಿದೆ. ಸುಳ್ಳು ಬರೆದರೆ ವರ್ಷಕ್ಕೆ 10,400. ನಿಜ ಬರೆದರೆ ಎಷ್ಟು ಅಂತಲೇ ಗೊತ್ತಿಲ್ಲ, ಕೊಡದೆಯೂ ಇರಬಹುದು. ಕೈಯಲ್ಲಿ ಸಾಲ, ಎರಡು ಪುಸ್ತಕದ ದುಡ್ಡು ಬರುವುದು ಬಾಕಿ. ಸಾಗರದಲ್ಲಿರುವ ಅಮ್ಮನಿಗೆ ಹೇಳಿದೆ. ಅಮ್ಮನಿಗೆ ಪಾಲಿಸಿ ಗೀಲಿಸಿ ಗೊತ್ತಿಲ್ಲ. “ಆಸ್ಪತ್ರೇಲಿ ಮಲಗಿದಾಗ ಡಾಕ್ಟ್ರು ಕೇಳಿದ್ರೆ ಉಬ್ಬಸ ಇಲ್ಲ ಅಂತೀಯಾ? ಅವರಿಗೆ ಒಂದು, ಇವರಿಗೆ ಒಂದು ಹೇಳಕ್ಕಾಗತ್ತಾ ಮಗಾ?” ಅಂದಳು.

ಅಮ್ಮ ಕೇಳಿದ್ದು ಸರಿಯಾಗಿತ್ತು. ಅಸ್ತಮಾ ಅಂತ ಬರೆದೆ. ಎಷ್ಟು ವರ್ಷದಿಂದ, ಯಾವ ಇನ್‌ಹೇಲರ್, ಅಪೆಂಡಿಕ್ಸ್ ಆಪರೇಷನ್ ಯಾವಾಗ, ಎಲ್ಲವನ್ನೂ ಬರೆದೆ.

ಮೊದಲ ಕಂಪನಿ ತಿರಸ್ಕರಿಸಿತು. ಎರಡನೆಯದು ಹದಿನೈದು ದಿನ ಏನೂ ಹೇಳಲಿಲ್ಲ. ಮೂರನೆಯದು ಶ್ವಾಸಕೋಶದ ಟೆಸ್ಟ್ ಮಾಡಿಸಿ, ಲೋಡಿಂಗ್ ಸೇರಿಸಿ, ಜಿಎಸ್‌ಟಿ ಸಹಿತ 12,600 ರೂಪಾಯಿಗೆ 10 ಲಕ್ಷದ ಪಾಲಿಸಿ ಕೊಟ್ಟಿತು. ಷರತ್ತು ಒಂದೇ: ಅಸ್ತಮಾಗೆ ಸಂಬಂಧಿಸಿದ ಚಿಕಿತ್ಸೆಗೆ ಮೂರು ವರ್ಷ ಕಾಯಬೇಕು. ಮೊದಲೇ ಇರುವ ಕಾಯಿಲೆಗಳಿಗೆ ಇದಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ ಅನ್ನುವುದೂ 2024ರ ನಿಯಮವೇ. ಅದಕ್ಕೂ ಮೊದಲು ನಾಲ್ಕು ವರ್ಷದವರೆಗೆ ಕಾಯಿಸಬಹುದಿತ್ತು.

ಸಣ್ಣ ಅಕ್ಷರದಲ್ಲಿ ಓದಿದ್ದು

ಪಾಲಿಸಿ ಕೈಗೆ ಬಂದ ಮೇಲೆ 30 ದಿನ ‘ಫ್ರೀ ಲುಕ್’ ಇರುತ್ತದೆ. ಓದಿ ಇಷ್ಟವಾಗದಿದ್ದರೆ ವಾಪಸ್ ಮಾಡಬಹುದು, ಸಣ್ಣಪುಟ್ಟ ಕಡಿತ ಬಿಟ್ಟು ದುಡ್ಡು ಮರಳುತ್ತದೆ. ಕ್ಲೈಂಟ್ ಕಳಿಸುವ ಕಾಂಟ್ರ್ಯಾಕ್ಟ್ ಓದುವ ಹಾಗೆ ಪೆನ್ಸಿಲ್ ಹಿಡಿದು ಓದಿದೆ.

ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಕ್ಲೇಮ್ ಇಲ್ಲ. ಹರ್ನಿಯಾ, ಕಣ್ಣಿನ ಪೊರೆಯಂಥ ಕೆಲವಕ್ಕೆ ಬಹುತೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು.

ನನ್ನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ರೂಂ ಬಾಡಿಗೆಯ ಮಿತಿ. ಎರಡು ಲಕ್ಷದ ಪಾಲಿಸಿಯಲ್ಲಿ ರೂಂ ಬಾಡಿಗೆ ಮಿತಿ ಶೇ 2 ಅಂದರೆ ದಿನಕ್ಕೆ 4,000. ನೀವು 8,000ದ ರೂಂ ತೆಗೆದುಕೊಂಡಿರಿ ಅಂತಿಟ್ಟುಕೊಳ್ಳಿ. ಕೈಯಿಂದ ಹೋಗುವುದು ಬರೀ 4,000 ಅಂದುಕೊಂಡರೆ ತಪ್ಪು. ಸರ್ಜನ್ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಖರ್ಚನ್ನೂ ಅದೇ ಲೆಕ್ಕದಲ್ಲಿ ಅರ್ಧಕ್ಕೆ ಇಳಿಸಬಹುದು. ಹಾಗಾಗಿ ರೂಂ ಬಾಡಿಗೆ ಮಿತಿ ಇಲ್ಲದ ಪಾಲಿಸಿಯನ್ನೇ ಹುಡುಕಿದೆ.

ಬಜೆಟ್ ತೀರಾ ಕಡಿಮೆ ಇದ್ದವರಿಗೆ ‘ಆರೋಗ್ಯ ಸಂಜೀವನಿ’ ಅನ್ನುವ ಪಾಲಿಸಿ ಇದೆ. 2020ರ ಏಪ್ರಿಲ್‌ನಿಂದ ಬಂದ ಇದರ ನಿಯಮಗಳು ಎಲ್ಲ ಕಂಪನಿಗಳಲ್ಲೂ ಒಂದೇ, ಪ್ರೀಮಿಯಂ ಮಾತ್ರ ಬೇರೆ ಬೇರೆ. ಇದರಲ್ಲಿ ರೂಂ ಮಿತಿ ಇದೆ, ಪ್ರತಿ ಕ್ಲೇಮ್‌ನಲ್ಲಿ ಶೇ 5 ನಾವೇ ಕೊಡಬೇಕು. ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ವಾಸಿ.

ಡೆಂಗ್ಯೂ ಕೇಳಿದ ಪ್ರಶ್ನೆ

2025ರ ಜುಲೈ. ನಾಲ್ಕು ದಿನ ಜ್ವರ, ಪ್ಲೇಟ್‌ಲೆಟ್ ಇಳಿಯುತ್ತಾ ಬಂತು. ಅಡ್ಮಿಟ್ ಆದೆ. ಡ್ಯೂಟಿ ಡಾಕ್ಟರ್ ಕೇಸ್ ಶೀಟ್ ಬರೆಯುತ್ತಾ, “ಬೇರೆ ಏನಾದ್ರೂ ಕಾಯಿಲೆ ಇದೆಯಾ?” ಅಂದರು. “ಅಸ್ತಮಾ, ಹನ್ನೊಂದನೇ ವಯಸ್ಸಿಂದ” ಅಂದೆ. ಜ್ವರದಲ್ಲಿ ಅಮ್ಮನ ಮಾತು ನೆನಪಾಗಿ ನಗು ಬಂತು.

ಮಾರನೇ ದಿನ ಇನ್ಶೂರೆನ್ಸ್ ಡೆಸ್ಕಿನ ಹುಡುಗಿ ಬಂದಳು. “ಮೇಡಂ, ಕಂಪನಿಯಿಂದ ಕ್ವೆರಿ ಬಂದಿದೆ. ಅಸ್ತಮಾ ಯಾವಾಗಿಂದ, ಪಾಲಿಸಿ ತಗೊಳ್ಳುವಾಗ ಹೇಳಿದ್ರಾ ಅಂತ.”

ಡೆಂಗ್ಯೂಗೂ ಅಸ್ತಮಾಗೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಆದರೆ ಮುಖ್ಯ ವಿಷಯ ಮುಚ್ಚಿಟ್ಟಿದ್ದು ಗೊತ್ತಾದರೆ, ಸಂಬಂಧವಿಲ್ಲದ ಕಾಯಿಲೆಯ ಕ್ಲೇಮ್‌ಗೂ ತಕರಾರು ಬರುತ್ತದೆ, ಪಾಲಿಸಿಯೇ ರದ್ದಾಗಬಹುದು. ಫೋನ್ ತೆಗೆದು ಪಾಲಿಸಿಯ ಎರಡನೇ ಪುಟ ತೋರಿಸಿದೆ. ‘ಬ್ರಾಂಕಿಯಲ್ ಅಸ್ತಮಾ’ ಅಂತ ಅಲ್ಲಿ ಅಚ್ಚಾಗಿತ್ತು. ಅವಳು ಫೋಟೊ ತೆಗೆದು ಕಳಿಸಿದಳು. ಸಂಜೆಯೊಳಗೆ ಅಪ್ರೂವಲ್ ಬಂತು.

ಒಟ್ಟು ಬಿಲ್ 86,000. ನಾನು ಕೊಟ್ಟಿದ್ದು 6,200, ಗ್ಲೌಸು, ಮಾಸ್ಕು ಮುಂತಾದ ವಿಮೆಗೆ ಸೇರದ ಸಾಮಾನುಗಳಿಗೆ. ಲೋಡಿಂಗ್ ಅಂತ ಹೆಚ್ಚಿಗೆ ಕೊಟ್ಟ ದುಡ್ಡಿನ ಬಗ್ಗೆ ಅಲ್ಲಿಗೆ ಕೊರಗು ನಿಂತಿತು.

ಇನ್ನೊಂದು ತಿಳಿದಿರಲಿ. ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ ಒಂದು ಗಂಟೆಯೊಳಗೆ ನಿರ್ಧಾರ ಹೇಳಬೇಕು, ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು ಅಂತ ನಿಯಮ ಇದೆ. ತಡವಾದರೆ ಡೆಸ್ಕಿನಲ್ಲಿ ಧೈರ್ಯವಾಗಿ ಕೇಳಿ. ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕದವರಿಗೆ ಅದರ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಅಪ್ಪ–ಅಮ್ಮನಿಗೆ ಏನು?

ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅವರೂ ಇದ್ದರು. ಅಪ್ಪನಿಗೆ ಶುಗರ್, ಖಾಸಗಿ ಪಾಲಿಸಿಯ ಪ್ರೀಮಿಯಂ ಕೇಳಿದರೆ ನನಗೇ ಶುಗರ್ ಬರುವಂತಿತ್ತು. ದಾರಿ ತೋರಿಸಿದ್ದು ಊರಿನ ಸೊಸೈಟಿ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ‘ಯಶಸ್ವಿನಿ’ ನಡುವೆ ನಿಂತು ಹೋಗಿತ್ತು, ಈಗ ಮತ್ತೆ ನಡೆಯುತ್ತಿದೆ. ಗ್ರಾಮೀಣ ಕುಟುಂಬದ ನಾಲ್ಕು ಜನರಿಗೆ ವರ್ಷಕ್ಕೆ 500 ರೂಪಾಯಿ ಅಂತ ಅಪ್ಪ ಕಟ್ಟಿ ಬಂದರು. ನೋಂದಣಿಗೆ ಪ್ರತಿವರ್ಷ ಇಂತಿಷ್ಟು ದಿನ ಅಂತ ಇರುತ್ತದೆ, ಅದನ್ನು ತಪ್ಪಿಸಬಾರದು.

ಇದರ ಜೊತೆಗೆ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಹೆಚ್ಚೆಂದರೆ ಒಂದೂವರೆ ಲಕ್ಷ. ತುರ್ತು ಸಂದರ್ಭ ಬಿಟ್ಟು ಉಳಿದಂತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನನ್ನ ಎಷ್ಟೋ ಕಲಾವಿದ ಗೆಳೆಯರ ಮನೆಯಲ್ಲಿ ರೇಷನ್ ಕಾರ್ಡ್ ಇದೆ, ಆದರೆ ಅದಕ್ಕೆ ಈ ಸೌಲಭ್ಯ ಇದೆ ಅನ್ನುವುದು ಗೊತ್ತಿಲ್ಲ.

ನೀವೂ ಹೊರಗೆ ಬರೋ ಪ್ಲಾನ್‌ನಲ್ಲಿದ್ದರೆ

• ರಾಜೀನಾಮೆ ಕೊಡುವ ಮೊದಲೇ ಎಚ್‌ಆರ್ ಹತ್ತಿರ ಕೇಳಿ: ಪಾಲಿಸಿ ಯಾವ ದಿನ ಮುಗಿಯುತ್ತೆ, ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳೋದು ಹೇಗೆ ಅಂತ. ಉತ್ತರ ಇಮೇಲ್‌ನಲ್ಲೇ ಇರಲಿ.

• ಇನ್ನೂ ಒಳ್ಳೇದು, ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ತಗೊಳ್ಳಿ. ಕಾಯುವ ಅವಧಿ ಆಗಲೇ ಕರಗಲು ಶುರುವಾಗುತ್ತೆ.

• ಫಾರಂ ನೀವೇ ತುಂಬಿ. ಏಜೆಂಟ್ ತುಂಬಿದರೂ ಸಹಿ ನಿಮ್ಮದು, ಓಟಿಪಿ ನಿಮ್ಮದು, ಜವಾಬ್ದಾರಿಯೂ ನಿಮ್ಮದೇ.

• ಆದಾಯ ಏರುಪೇರಾದರೆ ತಿಂಗಳ ಕಂತು ಸಿಗುತ್ತೆ. ಆದರೆ ತಪ್ಪಿದರೆ 15 ದಿನವಷ್ಟೇ ಗಡುವು. ವರ್ಷಕ್ಕೊಮ್ಮೆ ಕಟ್ಟುವವರಿಗೆ 30 ದಿನ. ಅದೂ ದಾಟಿದರೆ ಕಾದ ವರ್ಷಗಳೆಲ್ಲ ನೀರಿನಲ್ಲಿ ಹೋಮ.

• ಕಂಪನಿ ಇಷ್ಟವಾಗದಿದ್ದರೆ ಪಾಲಿಸಿ ಬಿಡಬೇಡಿ, ಪೋರ್ಟ್ ಮಾಡಿಸಿ. ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹಾಕಿ.

• ಆರೋಗ್ಯ ವಿಮೆ ಆಸ್ಪತ್ರೆ ಬಿಲ್ ಕೊಡುತ್ತೆ. ಕೈ ಮುರಿದು ಮೂರು ತಿಂಗಳು ಕುಂಚ ಹಿಡಿಯೋಕೆ ಆಗದಿದ್ದರೆ ಮನೆ ಬಾಡಿಗೆ ಕೊಡಲ್ಲ. ಅದಕ್ಕೆ ಬೇರೆ ಅಪಘಾತ ವಿಮೆ ನೋಡಿ. ಕನಿಷ್ಠ ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಆದರೂ ಇರಲಿ. ಅಪಘಾತದ ಸಾವು, ಶಾಶ್ವತ ಅಂಗವೈಕಲ್ಯಕ್ಕೆ ಅದರಲ್ಲಿ ಪರಿಹಾರ ಇದೆ.

ಈಗ ಪ್ರತಿ ಚಿತ್ರದ ದುಡ್ಡು ಬಂದಾಗಲೂ ಶೇ 10 ಬೇರೆ ಖಾತೆಗೆ ಹೋಗುತ್ತದೆ. ಆ ಖಾತೆ ಮುಟ್ಟುವುದು ವರ್ಷಕ್ಕೊಮ್ಮೆ, ಅಕ್ಟೋಬರ್‌ನಲ್ಲಿ, ಪ್ರೀಮಿಯಂ ಕಟ್ಟಲು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇ 18ರ ಜಿಎಸ್‌ಟಿ ರದ್ದಾದ್ದರಿಂದ ಕಳೆದ ಸಲ ಸ್ವಲ್ಪ ಹಗುರವಾಯಿತು. ಉಳಿದ ದುಡ್ಡಿನಲ್ಲಿ ಒಳ್ಳೇ ಬ್ರಷ್ ಸೆಟ್ ತಂದೆ. ಅಸ್ತಮಾಗೆ 2027ರ ಅಕ್ಟೋಬರ್‌ವರೆಗೆ ಕಾಯಬೇಕು. ಅಲ್ಲಿಯವರೆಗೆ ಧೂಳಿನ ಗೋಡೆಯ ಮ್ಯೂರಲ್ ಬಂದರೆ ಮಾಸ್ಕ್ ಹಾಕಿಕೊಂಡೇ ಬರೆಯುತ್ತೇನೆ.

ಕಳೆದ ವಾರ ಹಳೇ ಸಹೋದ್ಯೋಗಿ ಫೋನ್ ಮಾಡಿ, “ನಾನೂ ಕೆಲಸ ಬಿಡ್ತಿದೀನಿ ಕಣೇ, ಶುಕ್ರವಾರ ಕೇಕ್ ಕಟಿಂಗ್, ಬಾ” ಅಂದಳು. ಬರ್ತೀನಿ ಅಂದೆ. ಆದರೆ ಅದಕ್ಕೂ ಮೊದಲು ಎಚ್‌ಆರ್‌ಗೆ ಕಳಿಸಬೇಕಾದ ಇಮೇಲ್ ಅನ್ನು ನಾನೇ ಟೈಪ್ ಮಾಡಿ ಅವಳ ವಾಟ್ಸ್ಆ್ಯಪ್‌ಗೆ ಹಾಕಿದೆ.