ದೂರದಿಂದ ಕಂಡ ಆಟ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ - ಮೈಸೂರು ಜಿಲ್ಲೆಯ ಪಡುವಣ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ಭತ್ತದ ಗದ್ದೆಗಳುಂಟು, ಹೊಗೆಸೊಪ್ಪಿನ ಹೊಲಗಳುಂಟು, ಆನೆಗಳು ತಿರುಗಾಡುವ ಅಡವಿಯೂ ಉಂಟು. ಆದರೆ ದೇಶದೇಶಗಳ ತಂಡಗಳು ಬಂದು ಸೆಣಸುವಂತಹ ಕ್ರೀಡಾಂಗಣ ಇಲ್ಲಿ ಇಲ್ಲ. ಹಾಗಿದ್ದರೂ ಇಲ್ಲಿಯ ಜನಕ್ಕೆ ಕ್ರಿಕೆಟ್ಟಿನ ವಿಷಯ ಅಪರಿಚಿತವೇನಲ್ಲ. ಮೆಲ್ಬರ್ನಿನಲ್ಲಿ ಯಾರು ಎಷ್ಟು ರನ್ನು ಹೊಡೆದರು ಎಂಬುದನ್ನು ಸಂತೆಗೆ ಬಂದವರು ಚಹದಂಗಡಿಯಲ್ಲಿ ಕುಳಿತು ಚರ್ಚಿಸುವುದುಂಟು. ಕಣ್ಣಾರೆ ಕಾಣದ ಆಟವನ್ನು ಇವರು ಬಲ್ಲುದು ಹೇಗೆ?

ದೂರದರ್ಶನವು ಹಳ್ಳಿಗೆ ಬರುವುದಕ್ಕೆ ಮೊದಲು ಈ ಕೆಲಸವನ್ನು ಮಾಡಿದ್ದು ಬಾನುಲಿ. ಬಾನುಲಿಗೂ ಮೈಸೂರಿಗೂ ಹಳೆಯ ನಂಟು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾಯಿತು. ಇಂಗ್ಲೆಂಡಿನಲ್ಲಿ ಆಟ ನಡೆಯುವುದು ಬೇಸಗೆಯಲ್ಲಿ. ಅಲ್ಲಿಯ ಹಗಲು ನಮಗೆ ಸಂಜೆ ಮತ್ತು ಇರುಳು. ಅದೇ ತಿಂಗಳುಗಳಲ್ಲಿ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪನ್ನು ಹದಮಾಡುತ್ತಾರೆ. ಬ್ಯಾರನ್ನಿನ ಒಲೆಯ ಬೆಂಕಿ ಹೆಚ್ಚದಂತೆ, ಆರದಂತೆ ಇರುಳೆಲ್ಲ ಕಾಯಬೇಕು. ಎಚ್ಚರವಾಗಿರಲೇಬೇಕಾದವನಿಗೆ ರೇಡಿಯೋಗಿಂತ ಒಳ್ಳೆಯ ಜೊತೆಗಾರ ಯಾರು? ವಿವರಣೆ ಇಂಗ್ಲಿಷಿನಲ್ಲಿದ್ದರೆ ಬಲ್ಲವರೊಬ್ಬರು ಕೇಳಿ ಹೇಳಿದರೆ ಸರಿ. ಉಳಿದವರಿಗೆ ಅಷ್ಟು ಸಾಕು. ಮರುದಿನವೋ ಅದರ ಮರುದಿನವೋ ಪತ್ರಿಕೆಯಲ್ಲಿ ಸ್ಕೋರುಪಟ್ಟಿ ಬರುತ್ತಿತ್ತು. ‘ಅಂಕಪಟ್ಟಿ’ ಎಂದೂ ಅದನ್ನು ಕರೆಯಬಹುದು. ಆದರೆ ಆ ಮಾತು ಕಿವಿಗೆ ಬಿದ್ದರೆ ವಿದ್ಯಾರ್ಥಿಗಳಿಗೆ ಬೇರೆಯದೇ ನೆನಪಾದೀತು.

ಸ್ಕೋರುಪಟ್ಟಿಯನ್ನು ಓದುವುದೂ ಒಂದು ವಿದ್ಯೆ. 1971ರ ಆಗಸ್ಟಿನಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದ ಟೆಸ್ಟ್ ಪಂದ್ಯವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಂಗ್ಲೆಂಡ್ ಮೊದಲ ಸರದಿಯಲ್ಲಿ 355, ಭಾರತ 284. ಹಾಗೆಂದರೆ ಆತಿಥೇಯರಿಗೆ 71 ರನ್ನುಗಳ ಮುನ್ನಡೆ. ಎರಡನೆಯ ಸರದಿಯ ಕೆಳಗೆ ಒಂದು ಸಾಲು: ಚಂದ್ರಶೇಖರ್ 18.1-3-38-6. ಹದಿನೆಂಟು ಓವರುಗಳ ಮೇಲೆ ಒಂದು ಚೆಂಡನ್ನು ಎಸೆದರು, ಮೂರು ಓವರುಗಳಲ್ಲಿ ಒಂದು ರನ್ನನ್ನೂ ಕೊಡಲಿಲ್ಲ, ಕೊಟ್ಟದ್ದು ಒಟ್ಟು ಮೂವತ್ತೆಂಟು, ಕೆಡವಿದ್ದು ಆರು ಮಂದಿಯನ್ನು ಎಂದು ಇದರ ಅರ್ಥ. ಇಂಗ್ಲೆಂಡ್ 101ಕ್ಕೆ ಉರುಳಿತು. ಭಾರತ ಆರು ವಿಕೆಟ್ಟುಗಳನ್ನು ಕಳೆದುಕೊಂಡು 174 ಗಳಿಸಿ, ಆ ದೇಶದ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟನ್ನೂ ಸರಣಿಯನ್ನೂ ಗೆದ್ದಿತು. ಬಿ. ಎಸ್. ಚಂದ್ರಶೇಖರ್ ಹುಟ್ಟಿದ್ದು ಮೈಸೂರಿನಲ್ಲಿ. ನಮ್ಮ ಕಡೆಯವರು ಆ ಸಾಲನ್ನು ಮತ್ತೆ ಮತ್ತೆ ಓದಿದ್ದರೆ ಆಶ್ಚರ್ಯವಿಲ್ಲ.

ಆದರೆ ಆ ಪಟ್ಟಿಯು ಹೇಳದೆ ಬಿಟ್ಟದ್ದು ಎಷ್ಟು! ಚೆಂಡೆಸೆದ ಬಲಗೈ ಬಾಲ್ಯದಲ್ಲಿಯೇ ಪೋಲಿಯೋದಿಂದ ಸೊರಗಿದ ಕೈ ಎಂಬುದು ಅದರಲ್ಲಿ ಇಲ್ಲ. ಜೇಮ್ಸನ್ ಎಂಬ ದಾಂಡಿಗನ ಹೆಸರಿನ ಮುಂದೆ ‘ರನೌಟ್’ ಎಂದಷ್ಟೇ ಇದೆ. ನಿಜವಾಗಿ ನಡೆದದ್ದೆಂದರೆ, ಎದುರಿನ ಆಟಗಾರ ನೇರವಾಗಿ ಹೊಡೆದ ಚೆಂಡು ಚಂದ್ರಶೇಖರರ ಕೈಗೆ ತಗುಲಿ ಹೋಗಿ ಸ್ಟಂಪನ್ನು ಬಡಿಯಿತು; ಗೆರೆಯಿಂದ ಹೊರಗಿದ್ದ ಜೇಮ್ಸನ್ ಔಟಾದರು. ಆ ಬೆರಳಿಗೆ ಪಟ್ಟಿಯಲ್ಲಿ ಲೆಕ್ಕವಿಲ್ಲ. ಅಲನ್ ನಾಟ್ ಅವರನ್ನು ಸೋಲ್ಕರ್ ಮುಂದಕ್ಕೆ ಹಾರಿ, ನೆಲಕ್ಕೆ ಬಿದ್ದು ಹಿಡಿದ ಕ್ಯಾಚೂ ಅಲ್ಲಿ ಬರಿಯ ಒಂದು ಹೆಸರು. ಕೊನೆಯ ದಿನ ಗಣೇಶನ ಹಬ್ಬವೆಂದು ಭಾರತೀಯ ಅಭಿಮಾನಿಗಳು ಮೃಗಾಲಯದಿಂದ ಒಂದು ಮರಿಯಾನೆಯನ್ನು ಮೈದಾನಕ್ಕೆ ಕರೆತಂದಿದ್ದರು. ಕಾಕನಕೋಟೆಯ ಕಾಡಿನ ಅಂಚಿನವರಿಗೆ ಆನೆ ಹೊಸದಲ್ಲ. ಆದರೂ ಕ್ರಿಕೆಟ್ ನೋಡಲು ಬಂದ ಆನೆಯ ಸುದ್ದಿ ಅವರಿಗೂ ಹಿಡಿಸದಿರದು.

ಈ ಪಟ್ಟಿಯೇ ಸಮುದ್ರ ದಾಟಿ ಇನ್ನೊಂದು ಆಟಕ್ಕೆ ಜೀವ ಕೊಟ್ಟ ಕಥೆ ಸ್ವಾರಸ್ಯವಾಗಿದೆ. ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲಿ ಅಮೆರಿಕಕ್ಕೆ ಹೋದವರು. ಅಲ್ಲಿ ಕ್ರಿಕೆಟ್ಟಿನ ವರದಿಗಾರರಾದರು. ಆಗ ಅವರ ಕಣ್ಣಿಗೆ ಬಿದ್ದದ್ದು ಬೇಸ್‌ಬಾಲ್. ಒಂಬತ್ತು ಮಂದಿಯ ತಂಡ, ದುಂಡನೆಯ ದಾಂಡು, ನೆಲಕ್ಕೆ ತಾಗಿಸದೆ ನೇರವಾಗಿ ಎಸೆಯುವ ಚೆಂಡು, ವಜ್ರಾಕಾರದಲ್ಲಿ ನಾಲ್ಕು ನೆಲೆಗಳು. ಹೊಡೆದವನು ಮೂರು ನೆಲೆಗಳನ್ನು ಮುಟ್ಟಿ ಹೊರಟ ನೆಲೆಗೆ ಮರಳಿದರೆ ಒಂದು ರನ್ನು. ಮೂವರು ಔಟಾದರೆ ಸರದಿ ಬದಲು. ಹೀಗೆ ಒಂಬತ್ತು ಸರದಿಗಳು. ಚಾಡ್ವಿಕ್ ಕ್ರಿಕೆಟ್ಟಿನ ಪಟ್ಟಿಯ ಮಾದರಿಯಲ್ಲಿ ಇದಕ್ಕೊಂದು ಪಟ್ಟಿಯನ್ನು ರಚಿಸಿ 1859ರ ಹೊತ್ತಿಗೆ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದರು. ಇಂದು ಅಲ್ಲಿಯ ಪ್ರಧಾನ ಸ್ಪರ್ಧೆಯಲ್ಲಿ ಮೂವತ್ತು ವೃತ್ತಿಪರ ತಂಡಗಳಿವೆ. ಒಂದೊಂದು ತಂಡವೂ ವರ್ಷಕ್ಕೆ 162 ಪಂದ್ಯಗಳನ್ನು ಆಡುತ್ತದೆ. ಇಷ್ಟನ್ನೂ ಕುಳಿತು ನೋಡಲು ಯಾರಿಗೆ ಬಿಡುವಿದೆ? ಆದುದರಿಂದ ಅಭಿಮಾನಿಯು ಬೆಳಗ್ಗೆ ಎದ್ದು ಪಟ್ಟಿಯನ್ನು ಓದುತ್ತಾನೆ. 1936ರಿಂದ ತನ್ನದೇ ವೃತ್ತಿಪರ ಸಂಘವನ್ನು ಹೊಂದಿರುವ ಜಪಾನಿನಲ್ಲಿ, ಲಾಸ್ ಏಂಜಲೀಸಿನ ತಂಡವನ್ನು 2023ರ ಕೊನೆಯಲ್ಲಿ ಸೇರಿದ ತಮ್ಮ ಶೋಹೇಯ್ ಓಟಾನಿಯ ರಾತ್ರಿಯಾಟವನ್ನು ಜನ ಹಗಲಿನಲ್ಲಿ ನೋಡುತ್ತಾರೆ. ನಮ್ಮ ಬ್ಯಾರನ್ನಿನ ಮುಂದೆ ಕುಳಿತವರದು ಇದಕ್ಕೆ ತಿರುಗುಮುರುಗು.

ದೂರದ ಅಭಿಮಾನಿಗೆ ಕಿವಿಯೇ ಕಣ್ಣು. ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1930ರ ದಶಕದಲ್ಲಿ ಅಯೋವಾ ರಾಜ್ಯದ ಬಾನುಲಿಯಲ್ಲಿ ವೀಕ್ಷಕ ವಿವರಣೆ ಕೊಡುತ್ತಿದ್ದರು. ಆಟ ನಡೆಯುತ್ತಿದ್ದುದು ಷಿಕಾಗೋವಿನಲ್ಲಿ. ಅವರ ಮುಂದಿದ್ದುದು ತಂತಿಯ ಮೂಲಕ ಬಂದ ಚುಟುಕು ಸಂಕೇತಗಳು ಮಾತ್ರ. ಒಮ್ಮೆ ನಡುವೆ ತಂತಿ ಕೆಟ್ಟಿತು. ಸುಮ್ಮನಿದ್ದರೆ ಕೇಳುಗರು ಬೇರೆ ಕೇಂದ್ರಕ್ಕೆ ಹೋಗಿಬಿಡುತ್ತಾರೆ! ದಾಂಡಿಗನು ಚೆಂಡನ್ನು ಮತ್ತೆ ಮತ್ತೆ ಗೆರೆಯಾಚೆಗೆ ಹೊಡೆಯುತ್ತಿದ್ದಾನೆ ಎಂದು ತಂತಿ ಸರಿಹೋಗುವವರೆಗೂ ಕಲ್ಪಿಸಿ ಹೇಳುತ್ತಲೇ ಇದ್ದರಂತೆ. ಇದನ್ನು ಅವರೇ ನಗುತ್ತ ಹೇಳಿಕೊಂಡಿದ್ದಾರೆ. ಸಣ್ಣ ಸುಳ್ಳು, ನಿಜ. ಆದರೆ ಹೇಳಿದ್ದನ್ನು ನಂಬುವುದರ ಹೊರತು ಕೇಳುಗನಿಗೆ ಬೇರೆ ದಾರಿಯಿರಲಿಲ್ಲ ಎಂಬುದನ್ನು ಗಮನಿಸಬೇಕು.

ವೃತ್ತಿಪರ ಆಟಗಾರನೆಂದರೆ ಆಟವೇ ಜೀವನೋಪಾಯವಾದವನು. ಅವನಿಗೆ ಸಂಬಳ ಬರುವುದು ಯಾರಿಂದ? ಟಿಕೆಟಿನ ಹಣ, ಪತ್ರಿಕೆಯ ಬೆಲೆ, ದೂರದರ್ಶನದ ಜಾಹೀರಾತು - ಯಾವ ಕಾಲುವೆಯಲ್ಲಿ ಹರಿದು ಬಂದರೂ ಅದರ ಮೂಲ ಅಭಿಮಾನಿಯೇ. ನಡೆದದ್ದು ನಿಜವಾದ ಆಟ ಎಂಬ ನಂಬಿಕೆಯ ಮೇಲೆ ಅವನು ತನ್ನ ಹಣವನ್ನೂ ಹೊತ್ತನ್ನೂ ಕೊಡುತ್ತಾನೆ. 1919ರಲ್ಲಿ ಅಮೆರಿಕದ ಅಂತಿಮ ಸರಣಿಯನ್ನು ಷಿಕಾಗೋ ತಂಡವು ಸೋತಿತು. ಜೂಜುಕೋರರ ಹಣಕ್ಕಾಗಿ ಬೇಕೆಂದೇ ಸೋತರೆಂದು ಎಂಟು ಮಂದಿಯ ಮೇಲೆ ಆರೋಪ ಬಂದಿತು. 1921ರಲ್ಲಿ ನ್ಯಾಯಾಲಯವು ಅವರನ್ನು ಖುಲಾಸೆ ಮಾಡಿತಾದರೂ, ಆಟದ ಆಯುಕ್ತರಾಗಿದ್ದ ಲ್ಯಾಂಡಿಸ್ ಮರುದಿನವೇ ಎಂಟೂ ಮಂದಿಯನ್ನು ಆಜೀವ ಹೊರಹಾಕಿದರು. ಅವರಲ್ಲೊಬ್ಬರಾದ ಜೋ ಜಾಕ್ಸನ್ ಐದು ಸಾವಿರ ಡಾಲರು ಪಡೆದುದಾಗಿ ವಿಚಾರಣೆಯಲ್ಲಿ ಹೇಳಿದ್ದರು. ಆದರೆ ಆ ಸರಣಿಯ ಪಟ್ಟಿಯಲ್ಲಿ ನೋಡಿದರೆ ಅವರ ಲೆಕ್ಕ ಬಹಳ ಚೆನ್ನಾಗಿದೆ: 32 ಅವಕಾಶಗಳಲ್ಲಿ 12 ಯಶಸ್ವಿ ಹೊಡೆತಗಳು! ಓವಲ್ಲಿನ ಪಟ್ಟಿಯು ಸತ್ಯದಲ್ಲಿ ಸ್ವಲ್ಪವನ್ನು ಹೇಳದೆ ಬಿಟ್ಟಿತ್ತು. ಇಲ್ಲಿ ಪಟ್ಟಿಯನ್ನು ಎಷ್ಟು ಓದಿದರೂ ಮೋಸವಿತ್ತೇ ಇರಲಿಲ್ಲವೇ ಎಂದು ತಿಳಿಯುವಂತಿಲ್ಲ.

ಕ್ರಿಕೆಟ್ಟಿಗೂ ಈ ರೋಗ ತಗುಲಿತು. 2000ದಲ್ಲಿ ದಕ್ಷಿಣ ಆಫ್ರಿಕದ ನಾಯಕ ಹ್ಯಾನ್ಸಿ ಕ್ರೋನಿಯೆ ಜೂಜುಕೋರರಿಂದ ಹಣ ಪಡೆದುದನ್ನು ಒಪ್ಪಿಕೊಂಡಾಗ ಜಗತ್ತೆಲ್ಲ ಬೆರಗಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗಿನ ಪಂದ್ಯಗಳ ಬಗ್ಗೆ 2019ರಲ್ಲಿ ಬೆಂಗಳೂರು ಪೊಲೀಸರು ತನಿಖೆ ನಡೆಸಿ ಕೆಲವರನ್ನು ಬಂಧಿಸಿದರು. ಆ ಲೀಗು ಅಲ್ಲಿಗೆ ನಿಂತಿತು. 2022ರಲ್ಲಿ ‘ಮಹಾರಾಜ ಟ್ರೋಫಿ’ ಎಂಬ ಹೆಸರಿನಲ್ಲಿ ಬೇರೆ ಸ್ಪರ್ಧೆ ಮೊದಲಾಯಿತು. 2024ರಲ್ಲಿ ಕರುಣ್ ನಾಯರ್ ನಾಯಕತ್ವದಲ್ಲಿ ಮೈಸೂರಿನ ತಂಡವೇ ಅದನ್ನು ಗೆದ್ದಿತು. ಗೆದ್ದ ಸಂತೋಷ ದೊಡ್ಡದೇ. ನಡುವೆ ಮುರಿದ ನಂಬಿಕೆಯನ್ನು ಮತ್ತೆ ಕಟ್ಟಿಕೊಳ್ಳುವುದು ಅದಕ್ಕಿಂತ ನಿಧಾನದ ಕೆಲಸ. ಇತ್ತ ಮೊಬೈಲಿನಲ್ಲಿ ತಂಡ ಕಟ್ಟಿ ಹಣವೊಡ್ಡುವ ಆಟಗಳು ಹಳ್ಳಿಗಳಿಗೂ ಹಬ್ಬಿದವು. ಹಣ ಪಣವಾಗಿಡುವ ಅಂತಹ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು. ಹಣವೊಡ್ಡಿದವನು ಸ್ಕೋರನ್ನು ನೋಡುತ್ತಾನೆಯೇ ಹೊರತು ಆಟವನ್ನು ನೋಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೈದಾನದ ಅಂಚಿನಲ್ಲಿ ಈ ಪಟ್ಟಿಯನ್ನು ಬರೆಯುವವರನ್ನು ಯಾರೂ ಗಮನಿಸುವುದಿಲ್ಲ. ಕ್ರಿಕೆಟ್ಟಿನ ನಿಯಮದಂತೆ ಲೆಕ್ಕ ಬರೆಯುವವರು ಇಬ್ಬರಿರಬೇಕು. ಅಂಪೈರು ಕೈಯೆತ್ತಿ ಸನ್ನೆ ಮಾಡಿದರೆ, ‘ಕಂಡೆವು’ ಎಂದು ಇವರು ಮರುಸನ್ನೆ ಮಾಡುವವರೆಗೆ ಆಟ ಮುಂದುವರಿಯಕೂಡದು. ಇಬ್ಬರ ಪುಸ್ತಕವೂ ಒಂದೇ ಲೆಕ್ಕವನ್ನು ಹೇಳುತ್ತದೆಯೇ ಎಂದು ಆಗಾಗ ತಾಳೆ ನೋಡುತ್ತಿರಬೇಕು. ಶಾಲೆಯ ಪಂದ್ಯಗಳಲ್ಲಿ ಈ ಕೆಲಸವನ್ನು ಆಡಲು ಬಾರದವನಿಗೆ ಕೊಟ್ಟುಬಿಡುವ ವಾಡಿಕೆಯಿದೆ. ನನಗೆ ಅದು ಸರಿಯೆಂದು ಕಾಣುವುದಿಲ್ಲ.

ಒಮ್ಮೆ ನಮ್ಮವರಿಗೆ ದೊಡ್ಡ ಆಟವೊಂದು ಹತ್ತಿರಕ್ಕೇ ಬಂದಿತು. 2010ರ ಜನವರಿಯಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆದುದು ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ, ಕರ್ನಾಟಕಕ್ಕೂ ಮುಂಬೈಗೂ. ನಾಲ್ಕು ತಾಲ್ಲೂಕುಗಳಿಂದಲೂ ಬೆಳಗ್ಗೆ ಬಸ್ಸು ಹತ್ತಿದರೆ ಆಟದ ಹೊತ್ತಿಗೆ ತಲಪಬಹುದಾದ ಜಾಗ. ಮೈದಾನ ಜನರಿಂದ ತುಂಬಿತು. ಮುಂಬೈ 233, ಕರ್ನಾಟಕ 130. ಮುಂಬೈ ಮತ್ತೆ 234. ಗೆಲ್ಲಲು ಬೇಕಾದದ್ದು 338. ಮನೀಶ್ ಪಾಂಡೆ 144 ಹೊಡೆದು ಗೆಲುವನ್ನು ಕೈಗೆ ಎಟುಕುವಷ್ಟು ಹತ್ತಿರಕ್ಕೆ ತಂದರು. ಅನಂತರ ವಿಕೆಟ್ಟುಗಳು ಉರುಳಿ, ಕರ್ನಾಟಕ 331ಕ್ಕೆ ನಿಂತಿತು. ಎರಡು ಸರದಿಗಳನ್ನೂ ಕೂಡಿ ನೋಡಿ: ಅವರದು 467, ನಮ್ಮದು 461. ಆ ಆರು ರನ್ನುಗಳು ಎಲ್ಲಿ ಹೋದವು ಎಂದು ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಅಂದು ಅಲ್ಲಿ ಕುಳಿತು ನೋಡಿದವರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಚೆಂಡನ್ನು ಹೆಸರಿಸುತ್ತಾರೆ.