ಹತ್ತು ವರ್ಷಕ್ಕೊಮ್ಮೆ ಊರಿಗೆ ಊರೇ ವೇಷ ಕಟ್ಟುತ್ತದೆ

2018ರ ಅಕ್ಟೋಬರ್ ತಿಂಗಳ ಒಂದು ಶನಿವಾರ. ಜರ್ಮನಿಯ ಬವೇರಿಯಾ ಪ್ರಾಂತ್ಯದ ಓಬರಾಮರ್ಗಾವ್ ಎಂಬ ಊರಿನ ರಂಗಮಂದಿರದ ಮುಂದೆ ಜನ ನೆರೆದಿದ್ದರು. ಎದುರಿಗೆ ದೊಡ್ಡ ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ, ಒಂದೊಂದು ಪಾತ್ರದ ಪಕ್ಕಕ್ಕೂ ಪಾತ್ರಧಾರಿಗಳ ಹೆಸರು ಬೀಳುತ್ತಿತ್ತು. ಯೇಸು ಯಾರು, ಮರಿಯ ಯಾರು, ಪಿಲಾತ ಯಾರು, ಯೂದ ಯಾರು? ಮುಖ್ಯ ಪಾತ್ರಗಳಿಗೆಲ್ಲ ಇಬ್ಬಿಬ್ಬರು, ಇಬ್ಬರಿಗೂ ಸಮಪಾಲು ಪ್ರದರ್ಶನ. ಪಾತ್ರಧಾರಿಗಳು ಯಾರೆಂಬುದು ಊರಿಗೆ ಗೊತ್ತಾಗುವುದು ಹೀಗೆ, ಎಲ್ಲರ ಕಣ್ಣೆದುರು. ಹಲಗೆಯ ಮುಂದೆ ನಿಂತವರೆಲ್ಲ ಅಕ್ಕಪಕ್ಕದ ಮನೆಯವರು; ಮರ ಕೆತ್ತುವವರು, ಹೋಟೆಲಿನಲ್ಲಿ ದುಡಿಯುವವರು, ಓದುವ ಹುಡುಗರು.

ಆಲ್ಪ್ಸ್ ಪರ್ವತದ ತಪ್ಪಲಿನ ಈ ಊರಿನ ಜನಸಂಖ್ಯೆ 5,000ಕ್ಕಿಂತ ತುಸು ಹೆಚ್ಚು. ಹತ್ತು ವರ್ಷಕ್ಕೊಮ್ಮೆ ಇಲ್ಲಿ ಯೇಸುವಿನ ಕೊನೆಯ ದಿನಗಳ ನಾಟಕ ನಡೆಯುತ್ತದೆ. ವೇಷ ಕಟ್ಟುವವರು, ಹಾಡುವವರು, ವಾದ್ಯ ನುಡಿಸುವವರು, ಪರದೆಯ ಹಿಂದೆ ದುಡಿಯುವವರು ಎಲ್ಲ ಸೇರಿದರೆ ಇತ್ತೀಚಿನ ಪ್ರಯೋಗಗಳಲ್ಲಿ 1,800 ಜನಕ್ಕೂ ಮಿಕ್ಕಿದ್ದಾರೆ. ದೊಡ್ಡವರ ಪೈಕಿ ಊರಿನಲ್ಲಿ ಹುಟ್ಟಿದವರು, ಇಲ್ಲವೇ 20 ವರ್ಷ ಊರಿನಲ್ಲಿ ಬಾಳಿದವರು ಮಾತ್ರ ರಂಗ ಹತ್ತಬಹುದು. ಹೊರಗಿನಿಂದ ಎಂಥ ಹೆಸರಾಂತ ನಟ ಬಂದರೂ ಜಾಗವಿಲ್ಲ.

ಇದು ಶುರುವಾದದ್ದು ಹರಕೆಯಿಂದ. ಯುರೋಪಿನ ಮೂವತ್ತು ವರ್ಷಗಳ ಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯದ ಹಿಂದೆಯೇ ಪ್ಲೇಗು ಸುತ್ತಲ ಊರುಗಳನ್ನು ಹೊಕ್ಕಿತ್ತು. ಓಬರಾಮರ್ಗಾವ್‌ನವರು ಊರಬಾಗಿಲಿಗೆ ಕಾವಲು ಹಾಕಿದ್ದರು. ಪಕ್ಕದ ಎಶೆನ್‌ಲೋಹೆಗೆ ಕೂಲಿಗೆ ಹೋಗಿದ್ದ ಕಾಸ್ಪರ್ ಶಿಸ್ಲರ್ ಎಂಬಾತ ಚರ್ಚಿನ ಹಬ್ಬಕ್ಕೆ ಹೆಂಡತಿ ಮಕ್ಕಳ ಜೊತೆ ಇರಬೇಕೆಂದು ಕಾವಲುಗಾರರ ಕಣ್ಣು ತಪ್ಪಿಸಿ ಮನೆ ಸೇರಿದ, ಅವನ ಜೊತೆ ರೋಗವೂ ಬಂತು ಎನ್ನುತ್ತದೆ ಊರಿನ ಪರಂಪರೆ. 80ಕ್ಕೂ ಹೆಚ್ಚು ಜನ ಸತ್ತರು. 1633ರಲ್ಲಿ ಊರಿನ ಹಿರಿಯರು ಚರ್ಚಿನಲ್ಲಿ ಸೇರಿ, ಹತ್ತು ವರ್ಷಕ್ಕೊಮ್ಮೆ ಯೇಸುವಿನ ಯಾತನೆಯ ಕಥೆಯನ್ನು ಆಡುತ್ತೇವೆ ಎಂದು ಹರಕೆ ಹೊತ್ತರು. ಅಲ್ಲಿಂದಾಚೆಗೆ ಊರಿನಲ್ಲಿ ಪ್ಲೇಗಿಗೆ ಒಬ್ಬರೂ ಬಲಿಯಾಗಲಿಲ್ಲ ಎಂಬುದು ಅವರ ನಂಬಿಕೆ.

ಕರಾವಳಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿಲೆ ಗುಣವಾದರೆ, ಮಗು ಹುಟ್ಟಿದರೆ ಯಕ್ಷಗಾನ ಮೇಳದ ಆಟ ಆಡಿಸುತ್ತೇನೆ ಎಂದು ಹರಕೆ ಹೊರುವ ಮನೆಗಳು ಅಲ್ಲಿ ಇವತ್ತಿಗೂ ಇವೆ. ಆದರೆ ಅಲ್ಲಿ ಹರಕೆ ಹೊತ್ತವರು ಆಡಿಸುತ್ತಾರೆ, ಮೇಳದವರು ಆಡುತ್ತಾರೆ. ಓಬರಾಮರ್ಗಾವ್‌ನಲ್ಲಿ ಹೊತ್ತವರೇ ಆಡಬೇಕು, ಅವರ ಮಕ್ಕಳು ಆಡಬೇಕು, ಮೊಮ್ಮಕ್ಕಳು ಆಡಬೇಕು.

ಮೊದಲ ಪ್ರಯೋಗ ನಡೆದದ್ದು 1634ರ ಪೆಂತೆಕೊಸ್ತ ಹಬ್ಬಕ್ಕೆ, ಚರ್ಚಿನ ಅಂಗಳದ ಸ್ಮಶಾನದಲ್ಲಿ. ಪ್ಲೇಗಿಗೆ ಸತ್ತವರನ್ನು ಮಣ್ಣು ಮಾಡಿದ ಜಾಗದ ಮೇಲೆಯೇ ಹಲಗೆ ಹಾಸಿ ರಂಗ ಕಟ್ಟಿದ್ದರು. ಮುಂದೆ 1680ರಿಂದ ಸೊನ್ನೆಯಲ್ಲಿ ಕೊನೆಯಾಗುವ ವರ್ಷಗಳಿಗೆ ನಾಟಕ ಹೊಂದಿಕೊಂಡಿತು. 1830ರಲ್ಲಿ ಸ್ಮಶಾನ ಬಿಟ್ಟು ಊರಂಚಿನ ಬಯಲಿಗೆ ಬಂತು. ಈಗಿನ ರಂಗಮಂದಿರ ಇರುವುದೂ ಅಲ್ಲಿಯೇ.

ಆಡುತ್ತೇವೆ ಎಂದಷ್ಟೇ ಹರಕೆ. ಯಾವ ಮಾತಿನಲ್ಲಿ, ಯಾವ ರಾಗದಲ್ಲಿ ಎಂಬುದು ಅದರಲ್ಲಿ ಇರಲಿಲ್ಲ. ನಾಲ್ಕು ಶತಮಾನ ಈ ನಾಟಕ ಉಸಿರಾಡಿದ್ದು ಆ ಬಿಡುವಿನಲ್ಲಿ ಎಂದು ನನಗೆ ಅನ್ನಿಸುತ್ತದೆ. ಸಿಕ್ಕಿರುವ ಅತಿ ಹಳೆಯ ಪ್ರತಿ 1662ರದು. ಅದೂ ಊರಿನದಲ್ಲ, ಔಗ್ಸ್‌ಬರ್ಗ್ ನಗರದ ಎರಡು ಹಳೆಯ ನಾಟಕಗಳನ್ನು ಹೆಣೆದು ಮಾಡಿದ್ದು. 1750ರಲ್ಲಿ ಪಕ್ಕದ ಎಟ್ಟಾಲ್ ಮಠದ ಸನ್ಯಾಸಿ ಫರ್ಡಿನಾಂಡ್ ರೋಸ್ನರ್ ಇಡೀ ಕಥೆಯನ್ನು ಪದ್ಯದಲ್ಲಿ ಬರೆದುಕೊಟ್ಟರು. ಸೈತಾನ, ನರಕದ ಪರಿವಾರವೆಲ್ಲ ರಂಗಕ್ಕೆ ಬಂದವು. 1770ರಲ್ಲಿ ಬವೇರಿಯಾದ ದೊರೆ ಇಂಥ ನಾಟಕಗಳನ್ನೇ ನಿಷೇಧಿಸಿದ. ಉಳಿದ ಊರುಗಳು ಹೆಚ್ಚಿನವು ಕೈಬಿಟ್ಟವು, ಇವರು ಬಿಡಲಿಲ್ಲ. ಪಠ್ಯ ತಿದ್ದಿ, ಅರ್ಜಿ ಹಾಕಿ, ಅನುಮತಿ ತಂದರು. 1810ರಲ್ಲಿ ಮತ್ತೆ ತಡೆ ಬಂದಾಗ ಮಠದಲ್ಲಿದ್ದ ಓಥ್ಮಾರ್ ವೈಸ್ ಸೈತಾನರನ್ನೆಲ್ಲ ಕಿತ್ತುಹಾಕಿ, ಸುವಾರ್ತೆಗಳಿಗೆ ಹತ್ತಿರವಾದ ಗದ್ಯದಲ್ಲಿ ಹೊಸ ಪಠ್ಯ ಬರೆದರು. ಅದನ್ನು ಮುಂದೆ ತಿದ್ದಿದವರು ಊರಿನ ಪಾದ್ರಿ ಡೈಸೆನ್‌ಬರ್ಗರ್.

ಸಂಗೀತದ ಕಥೆ ಇದಕ್ಕಿಂತ ಹೃದಯಕ್ಕೆ ಹತ್ತಿರವಾದದ್ದು. ವೈಸ್ ಅವರ ಪಠ್ಯಕ್ಕೆ ಸಂಗೀತ ಕೂಡಿಸಿದವರು ರೋಖುಸ್ ಡೆಡ್ಲರ್, ಊರಿನ ಶಾಲಾ ಮೇಷ್ಟ್ರು. 1822ರಲ್ಲಿ, ಇನ್ನೂ ನಡುವಯಸ್ಸಿನಲ್ಲೇ ತೀರಿಕೊಂಡರು. ಅವರು ಊರಿನ ಗಾಯಕರಿಗಾಗಿ ಬರೆದ ಆ ಸಂಗೀತವೇ, ಮತ್ತೆ ಮತ್ತೆ ಪರಿಷ್ಕಾರಗೊಂಡು, 200 ವರ್ಷಗಳ ನಂತರವೂ ಮೊಳಗುತ್ತಿದೆ. ನಾಟಕದ ನಡುನಡುವೆ ಪರದೆ ಸರಿದಾಗ ಹಳೆ ಒಡಂಬಡಿಕೆಯ ಒಂದು ಪ್ರಸಂಗ ಸ್ತಬ್ಧಚಿತ್ರವಾಗಿ ಕಾಣಿಸುತ್ತದೆ. ಮಕ್ಕಳು ಮುದುಕರಾದಿಯಾಗಿ ಹತ್ತಾರು ಜನ, ಕೈ ಎತ್ತಿದವರು ಎತ್ತಿದಂತೆ, ಬಾಗಿದವರು ಬಾಗಿದಂತೆ, ರೆಪ್ಪೆ ಮಿಟುಕಿಸದೆ ನಿಂತಿರುತ್ತಾರೆ. ಪಕ್ಕದಲ್ಲಿ ಮೇಳದವರ ಹಾಡು. ಹಾಡು ಮುಗಿದು ಪರದೆ ಮುಚ್ಚಿದ ಮೇಲೆ ಯೇಸುವಿನ ಕಥೆ ಮುಂದುವರಿಯುತ್ತದೆ. ಎಲ್ಲ ಸೇರಿ ಐದು ಗಂಟೆಯಷ್ಟು ಆಟ, ನಡುವೆ ಊಟಕ್ಕೆ ದೀರ್ಘ ಬಿಡುವು. ಸುಮಾರು 4,500 ಪ್ರೇಕ್ಷಕರ ತಲೆಯ ಮೇಲೆ 1900ರಿಂದ ಸೂರಿದೆ, ರಂಗ ಮಾತ್ರ ಬಯಲಿನದು. ಮಳೆ ಬಂದರೂ ಆಟ ನಿಲ್ಲುವುದಿಲ್ಲ. ಶಿಲುಬೆಯ ಮೇಲಿನ ನಟ, ವೇಷದೊಳಗೆ ಅಡಗಿಸಿದ ಪಟ್ಟಿಯ ಆಧಾರದಲ್ಲಿ, ಸುಮಾರು 20 ನಿಮಿಷ ಹಾಗೆಯೇ ತೂಗಿಕೊಂಡಿರುತ್ತಾನೆ.

ಕೃತಕ ಕೂದಲು, ಅಂಟಿಸಿದ ಗಡ್ಡ ಇಲ್ಲಿ ನಡೆಯುವುದಿಲ್ಲ. ನಾಟಕದ ಹಿಂದಿನ ವರ್ಷ ಬೂದಿ ಬುಧವಾರದಂದು ಊರಿನ ಆಡಳಿತ ಪ್ರಕಟಣೆ ಹೊರಡಿಸುತ್ತದೆ: ಇವತ್ತಿನಿಂದ ಕೂದಲು, ಗಡ್ಡ ಬೆಳೆಸಿ. ರೋಮನ್ ಸೈನಿಕರ ಪಾತ್ರದವರಿಗೆ ಮಾತ್ರ ವಿನಾಯಿತಿ. ಹಾಗಾಗಿ ವರ್ಷಕ್ಕೂ ಹೆಚ್ಚು ಕಾಲ ಅಂಚೆ ಕಚೇರಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಕಾಣುವವರೆಲ್ಲ ಉದ್ದ ಕೂದಲಿನವರೇ. 1870ರಲ್ಲಿ ಫ್ರಾನ್ಸ್ ಜೊತೆ ಯುದ್ಧ ಹತ್ತಿ ನಾಟಕ ನಡುವೆಯೇ ನಿಂತಾಗ, ಯೇಸುವಿನ ಪಾತ್ರಧಾರಿ ಜೋಸೆಫ್ ಮೈರ್‌ಗೂ ಸೈನ್ಯದ ಕರೆ ಬಂತು. ಮರುವರ್ಷ ಆಟ ಮುಂದುವರಿಯಬೇಕಲ್ಲ, ಅದಕ್ಕಾಗಿ ದೊರೆ ಎರಡನೆಯ ಲುಡ್ವಿಗ್ ಕೂದಲು ಕತ್ತರಿಸದೆ ಇರಲು ಅವನಿಗೆ ಅಪ್ಪಣೆ ಕೊಟ್ಟನಂತೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಥಾಮಸ್ ಕುಕ್ ಕಂಪನಿ ಇಂಗ್ಲಿಷ್ ಪ್ರವಾಸಿಗರನ್ನು ಕರೆತರತೊಡಗಿತು, ರೈಲು ಬಂತು, ಊರಿನ ಹೆಸರು ಕಡಲಾಚೆಗೂ ಹೋಯಿತು. ಯೇಸುವಿನ ಪಾತ್ರ ಮಾಡುತ್ತಿದ್ದ ಕುಂಬಾರ ಆಂಟನ್ ಲಾಂಗ್ ಚಿತ್ರ 1923ರಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಬಂತು. 1930ರಲ್ಲಿ ಈ ನಾಟಕ ನೋಡಿದವರಲ್ಲಿ ರವೀಂದ್ರನಾಥ ಠಾಕೂರರೂ ಒಬ್ಬರು. ಅದರ ಪ್ರಭಾವದಲ್ಲಿ ಅವರು 'ದಿ ಚೈಲ್ಡ್' ಎಂಬ ದೀರ್ಘ ಕವಿತೆಯನ್ನು ನೇರವಾಗಿ ಇಂಗ್ಲಿಷಿನಲ್ಲಿ ಬರೆದರು. ಬಂಗಾಳಿ ರೂಪ ಬಂದದ್ದು ಆಮೇಲೆ.

ಠಾಕೂರರು ನೋಡಿದ ಅದೇ ನಾಟಕವನ್ನು ನಾಲ್ಕು ವರ್ಷಗಳ ಬಳಿಕ, ಮೊದಲ ಆಟದ 300ನೆಯ ವರ್ಷದ ವಿಶೇಷ ಪ್ರಯೋಗದಲ್ಲಿ, ಹಿಟ್ಲರ್ ಕೂಡ ಕುಳಿತು ನೋಡಿದ. ಯೆಹೂದ್ಯರ ಅಪಾಯವನ್ನು ಇದರಷ್ಟು ಚೆನ್ನಾಗಿ ತೋರಿಸುವುದು ಬೇರೆ ಇಲ್ಲ ಎಂಬ ಅರ್ಥದ ಮಾತನ್ನು ಅವನು 1942ರಲ್ಲಿ ತನ್ನ ಆಪ್ತರೆದುರು ಆಡಿದ್ದು ದಾಖಲಾಗಿದೆ. ಅವನು ಇಲ್ಲದ್ದನ್ನು ಕಂಡಿರಲಿಲ್ಲ. ಪಠ್ಯದಲ್ಲಿ ಯೆಹೂದ್ಯರ ಗುಂಪು ಯೇಸುವಿನ ರಕ್ತದ ಹೊಣೆಯನ್ನು ತನ್ನ ಮೇಲೂ ತನ್ನ ಮಕ್ಕಳ ಮೇಲೂ ಎಳೆದುಕೊಳ್ಳುವ ಮಾತಿತ್ತು. ಯೆಹೂದ್ಯ ಯಾಜಕರು ಕೊಂಬಿನಂಥ ಕಿರೀಟ ಧರಿಸಿ ಬರುತ್ತಿದ್ದರು. ಭಕ್ತಿಯಿಂದ ಹಾಡುತ್ತಿದ್ದವರ ನಡುವೆಯೇ ಈ ವಿಷವೂ ತಲೆಮಾರುಗಳಿಂದ ಇಳಿದು ಬಂದಿತ್ತು. ಹರಕೆ ಪವಿತ್ರವಾದದ್ದು ಎಂಬ ಕಾರಣಕ್ಕೆ ಇದನ್ನು ಮರೆಮಾಚುವುದು ತಪ್ಪು.

1940ರಲ್ಲಿ ಯುದ್ಧದಿಂದಾಗಿ ಆಟ ನಡೆಯಲಿಲ್ಲ. 1950ರಲ್ಲಿ ಮತ್ತೆ ಶುರುವಾದಾಗ ಪಠ್ಯ ಹೆಚ್ಚು ಕಡಿಮೆ ಹಳೆಯದೇ. ಯೇಸುವಿನ ಸಾವಿಗೆ ಯೆಹೂದ್ಯ ಜನಾಂಗವನ್ನು ಹೊಣೆ ಮಾಡಬಾರದು ಎಂದು 1965ರಲ್ಲಿ ವ್ಯಾಟಿಕನ್ ಮಹಾಸಭೆಯೇ ಸಾರಿದ ಮೇಲೂ ಊರು ಜಗ್ಗಲಿಲ್ಲ. 1970ರ ಪ್ರಯೋಗವನ್ನು ಬಹಿಷ್ಕರಿಸಲು ಅಮೆರಿಕದ ಯೆಹೂದ್ಯ ಸಂಘಟನೆಗಳು ಕರೆ ಕೊಟ್ಟವು. ಹೊರಗಿನವರ ಒತ್ತಡಕ್ಕೆ ಊರು ಸೆಟೆದುಕೊಂಡಿತು, ಆದರೆ ಒಳಗೇ ಜಗಳ ಹತ್ತಿತು. ಯೆಹೂದ್ಯರ ಬದಲು ಸೈತಾನನ ಮೇಲೆ ಹೊಣೆ ಹೊರಿಸುವ ರೋಸ್ನರ್‌ನ ಹಳೆಯ ಪದ್ಯನಾಟಕಕ್ಕೇ ಮರಳೋಣ ಎಂದು ಹಾನ್ಸ್ ಶ್ವೈಗ್‌ಹೋಫರ್ 1977ರಲ್ಲಿ ಪರೀಕ್ಷಾರ್ಥ ಆಡಿಸಿಯೂ ತೋರಿಸಿದರು. ಊರು ಎರಡು ಪಾಲಾಯಿತು. ಮುಂದಿನ ಸ್ಥಳೀಯ ಚುನಾವಣೆಯ ವಿಷಯವೇ ಅದಾಯಿತು. ಹಳೆಯದೇ ಇರಲಿ ಎಂದವರು ಗೆದ್ದರು.

ಗಾಳಿ ಬದಲಾದದ್ದು ಕ್ರಿಸ್ಟಿಯಾನ್ ಸ್ಟ್ಯೂಕ್ಲ್ ಬಂದ ಮೇಲೆ. ಊರಿನ ಛತ್ರದ ಮನೆಯ ಹುಡುಗ, ಮರಗೆತ್ತನೆ ಕಲಿತವರು. 1987ರಲ್ಲಿ, ಇನ್ನೂ ಮೂವತ್ತು ದಾಟದ ಅವರನ್ನು 1990ರ ಪ್ರಯೋಗಕ್ಕೆ ನಿರ್ದೇಶಕರನ್ನಾಗಿ ಆರಿಸಿದರು. ಕೊಂಬಿನ ಕಿರೀಟಗಳು ಹೋದವು. ಕ್ಯಾಥೊಲಿಕ್ ಊರಿನ ನಾಟಕದ ಮುಖ್ಯ ಪಾತ್ರಗಳಿಗೆ ಪ್ರೊಟೆಸ್ಟೆಂಟರು ಬಂದರು. ಅದೇ 1990ರಲ್ಲಿ ಇನ್ನೊಂದು ಗೋಡೆಯೂ ಬಿತ್ತು: ಅಲ್ಲಿಯವರೆಗೆ ಮದುವೆಯಾದ, ಅಥವಾ 35 ದಾಟಿದ ಹೆಂಗಸರಿಗೆ ರಂಗ ಹತ್ತಲು ಅವಕಾಶವಿರಲಿಲ್ಲ. ಊರಿನ ಹೆಂಗಸರು ನ್ಯಾಯಾಲಯಕ್ಕೆ ಹೋಗಿ ಆ ಹಕ್ಕನ್ನು ಗೆದ್ದುಕೊಂಡರು.

ಓಟ್ಟೋ ಹೂಬರ್ ಜೊತೆ ಸೇರಿ ಸ್ಟ್ಯೂಕ್ಲ್ ಪಠ್ಯವನ್ನು ಸಾಲು ಸಾಲಾಗಿ ತಿದ್ದುತ್ತ ಬಂದರು. 2000ದ ಪ್ರಯೋಗದ ಹೊತ್ತಿಗೆ ರಕ್ತದ ಹೊಣೆಯ ಆ ಮಾತು ಪೂರ್ತಿ ಹೋಯಿತು. 2010ರಲ್ಲಿ ಯೆಹೂದ್ಯರ ಮೂಲ ಪ್ರಾರ್ಥನೆ 'ಶೆಮಾ ಇಸ್ರಾಯೇಲ್' ಹೀಬ್ರೂ ಭಾಷೆಯಲ್ಲಿಯೇ ರಂಗದ ಮೇಲೆ ಮೊಳಗಿತು. ಯೇಸು ಯೆಹೂದ್ಯನಾಗಿ ಹುಟ್ಟಿ ಯೆಹೂದ್ಯನಾಗಿಯೇ ಬಾಳಿದವನು ಎಂಬ ಸರಳ ಸತ್ಯ ಆ ರಂಗದ ಮೇಲೆ ಕೇಳಿಸುವುದಕ್ಕೆ ಅಷ್ಟು ಕಾಲ ಹಿಡಿಯಿತು. ಪ್ರಯೋಗಕ್ಕೆ ಮುನ್ನ ಮುಖ್ಯ ಪಾತ್ರಧಾರಿಗಳನ್ನು ಇಸ್ರೇಲಿಗೆ ಕರೆದೊಯ್ಯುವುದು ಈಗ ತಾಲೀಮಿನದೇ ಭಾಗ. ಇದೆಲ್ಲ ಸಲೀಸಾಗಿ ಆಯಿತು ಎಂದುಕೊಳ್ಳಬೇಡಿ. ಆಟ ಬೆಳಿಗ್ಗೆಯಿಂದಲೇ ಇರಲೋ, ಮಧ್ಯಾಹ್ನ ಶುರುವಾಗಿ ರಾತ್ರಿಗೆ ಮುಗಿಯಲೋ ಎಂಬುದಕ್ಕೂ 2007ರಲ್ಲಿ ಊರು ಮತ ಹಾಕಬೇಕಾಯಿತು. ನನಗೆ ಈ ನಾಟಕದ ಮೇಲೆ ಗೌರವ ಹುಟ್ಟುವುದು ಇಂಥ ಸಂಗತಿಗಳಿಂದ. ಬದಲಾವಣೆಯನ್ನು ಯಾರೋ ಮೇಲಿನಿಂದ ಹೇರಲಿಲ್ಲ. ಮಾರನೆಯ ದಿನ ಅದೇ ಬೀದಿಯಲ್ಲಿ ಮುಖ ನೋಡಬೇಕಾದ ಜನ ವಾದ ಮಾಡಿ, ಸೋತು, ಗೆದ್ದು, ಮತ್ತೆ ಒಂದೇ ರಂಗದ ಮೇಲೆ ನಿಂತರು.

2020ರ ಪ್ರಯೋಗಕ್ಕೆ ಎಲ್ಲ ಸಜ್ಜಾಗಿತ್ತು. ಮಾರ್ಚ್‌ನಲ್ಲಿ ಕೊರೊನಾ ಬಂದು ಎರಡು ವರ್ಷ ಮುಂದೆ ಹೋಯಿತು. ಬೆಳೆಸಿದ್ದ ಕೂದಲನ್ನು ಕತ್ತರಿಸಿದ್ದವರು 2021ರ ಬೂದಿ ಬುಧವಾರದಿಂದ ಮತ್ತೆ ಬೆಳೆಸತೊಡಗಿದರು. 2022ರ ಮೇ 14ರಿಂದ ಅಕ್ಟೋಬರ್ 2ರವರೆಗೆ ಆಟ ನಡೆಯಿತು. ಆ ಸಲ ಯೂದನ ಪಾತ್ರದ ಇಬ್ಬರಲ್ಲಿ ಒಬ್ಬ ಚೆಂಗಿಜ್ ಗ್ಯೋರ್ಯುರ್, ಊರಿನಲ್ಲೇ ಬೆಳೆದ ಮುಸ್ಲಿಂ ಯುವಕ. ಸಹ ನಿರ್ದೇಶಕ ಅಬ್ದುಲ್ಲಾ ಕರಾಜಾ ಕೂಡ ಟರ್ಕಿ ಮೂಲದ ಮನೆಯವರು, ಇದೇ ಊರಿನವರು.

ನಡುವಿನ ವರ್ಷಗಳಲ್ಲಿಯೂ ರಂಗಮಂದಿರಕ್ಕೆ ಬೀಗ ಬೀಳುವುದಿಲ್ಲ. ಇತ್ತೀಚಿನ ದಶಕಗಳ ಬೇಸಿಗೆಗಳಲ್ಲಿ ಅಲ್ಲಿ ಬೇರೆ ನಾಟಕಗಳು, ಸಂಗೀತ ನಾಟಕಗಳು ನಡೆಯುತ್ತ ಬಂದಿವೆ. 2015ರಲ್ಲಿ ವೆರ್ಡಿಯ 'ನಬುಕ್ಕೋ', 2017ರಲ್ಲಿ ವ್ಯಾಗ್ನರ್‌ನ 'ದಿ ಫ್ಲೈಯಿಂಗ್ ಡಚ್‌ಮನ್' ಆಡಿದರು. ಮುಖ್ಯ ಗಾಯಕರು ಹೊರಗಿನವರಾದರೂ ಮೇಳದಲ್ಲಿ ನಿಂತು ಹಾಡಿದವರು ಊರಿನ ಜನ.

ಮುಂದಿನ ಹರಕೆಯ ಆಟ 2030ರಲ್ಲಿ. 20 ವರ್ಷದ ನಿಯಮ ಹಾಗೆಯೇ ಉಳಿದರೆ, 2010ರಲ್ಲಿ ಊರಿಗೆ ಬಂದು ನೆಲೆಸಿದವರಿಗೆ ಆ ವರ್ಷ ವೇಷ ಕಟ್ಟುವ ಹಕ್ಕು ಬರುತ್ತದೆ. ಮಕ್ಕಳಿಗೆ ಆ ಕಾಯುವಿಕೆ ಇಲ್ಲ. ಊರಿನ ಶಾಲೆಗೆ ಹೋಗುವ ಮಗು, ಅಪ್ಪ ಅಮ್ಮ ಎಲ್ಲಿಂದ ಯಾವಾಗ ಬಂದವರೇ ಆಗಿರಲಿ, ಯೇಸು ಕತ್ತೆಯ ಮೇಲೆ ಜೆರುಸಲೇಮ್ ಪ್ರವೇಶಿಸುವ ಮೊದಲ ದೃಶ್ಯದ ಗುಂಪಿನಲ್ಲಿ ನಿಂತು ಹಾಡಬಹುದು.